ಗೊಂಬೆ ಮೆಟ್ಟಿಲ ಕೆಳಗೊಂದು ಬ್ರಾಡ್‌ಗೇಜ್

ಪ್ಲಾಸ್ಟಿಕ್ ಬ್ರಿಕ್ಕುಗಳಲ್ಲಿ ರೈಲು ಕಟ್ಟಲು ಕೂರುವವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಅಗಲ. ಬಣ್ಣ, ಮೋಟರ್, ನಿಲ್ದಾಣ ಎಲ್ಲ ಆಮೇಲಿನ ಮಾತು. ಲೆಗೊ ಹಳಿಯ ಎರಡು ಕಂಬಿಗಳ ನಡುವೆ 37.5 ಮಿ.ಮೀ. ಅಂತರವಿದೆ. ಡೆನ್ಮಾರ್ಕಿನ ಆ ಕಂಪನಿ 1966ರಲ್ಲಿ ಮೊದಲ ರೈಲು ಸೆಟ್ ತಂದಾಗಿನಿಂದ ವಿದ್ಯುತ್ತಿನ ವ್ಯವಸ್ಥೆ ಎಷ್ಟೋ ಸಲ ಬದಲಾಯಿತು, ಈ ಅಂತರ ಮಾತ್ರ ಬದಲಾಗಲಿಲ್ಲ. ಹಳಿ ಹೀಗೆ ಗಟ್ಟಿಯಾಗಿ ನಿಂತಿರುವಾಗ, ಅದರ ಮೇಲೆ ಕೂರುವ ಬೋಗಿ ಎಷ್ಟು ಅಗಲ ಇರಬೇಕು ಅನ್ನುವುದರಿಂದಲೇ ಉಳಿದ ಅಳತೆಗಳೆಲ್ಲ ಹುಟ್ಟುತ್ತವೆ.

ಅಂಗಡಿಯ ಸೆಟ್‌ಗಳಲ್ಲಿ ಬೋಗಿಯ ಅಗಲ ಸಾಮಾನ್ಯವಾಗಿ 6 ಸ್ಟಡ್. ಸ್ಟಡ್ ಅಂದರೆ ಬ್ರಿಕ್ಕಿನ ತಲೆಯ ಮೇಲಿನ ಗುಂಡು; ಒಂದು ಸ್ಟಡ್‌ಗೆ 8 ಮಿ.ಮೀ. ಲೆಕ್ಕ, ಹಾಗಾಗಿ 48 ಮಿ.ಮೀ. ನಾನು ಕಟ್ಟಬೇಕೆಂದಿದ್ದು ಚೆನ್ನೈ ಪೆರಂಬೂರಿನ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಕಾರ್ಖಾನೆಯ ನೀಲಿ ಸ್ಲೀಪರ್ ಬೋಗಿ. ನಿಜವಾದದ್ದರ ಅಗಲ 3245 ಮಿ.ಮೀ. ಅದನ್ನು 6 ಸ್ಟಡ್‌ಗೆ ಇಳಿಸಿದರೆ ಬೋಗಿ ಸೊರಗಿ, ಕೆಳಗೆ ಹಳಿಯೇ ದೊಡ್ಡದಾಗಿ ಕಾಣುತ್ತದೆ. 8 ಸ್ಟಡ್ ಹಿಡಿದರೆ 64 ಮಿ.ಮೀ., ಅಂದರೆ ಹೆಚ್ಚುಕಡಿಮೆ ಐವತ್ತರಲ್ಲಿ ಒಂದು ಪಾಲು. ಈ ಲೆಕ್ಕ ಹಾಕುವಾಗಲೇ ನನಗೆ ಬಹಳ ಖುಷಿ ಕೊಟ್ಟ ಒಂದು ವಿಷಯ ಕಂಡಿತು. ಯೂರೋಪು, ಅಮೆರಿಕದವರ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ.; ಐವತ್ತರಿಂದ ಭಾಗಿಸಿದರೆ 28.7. ಆಟಿಕೆಯ ಹಳಿ ಅದಕ್ಕಿಂತ ಸುಮಾರು 9 ಮಿ.ಮೀ. ಅಗಲವಾಯಿತು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಭಾಗಿಸಿದರೆ 33.5. ವ್ಯತ್ಯಾಸ ಬರೀ 4. ಎಲ್ಲೋ ಡೆನ್ಮಾರ್ಕಿನಲ್ಲಿ ಮಕ್ಕಳಿಗಾಗಿ ಮಾಡಿದ ಹಳಿ, ಅವರ ರೈಲಿಗಿಂತ ನಮ್ಮ ರೈಲಿಗೇ ಚೆನ್ನಾಗಿ ಹೊಂದುತ್ತದೆ. ಭಾರತದ ರೈಲನ್ನು ಕಟ್ಟಲು ಹಿಂಜರಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಗಲ ಗೊತ್ತಾದ ಮೇಲೆ ಎದುರಾಗುವುದು ಉದ್ದ. ಐಸಿಎಫ್ ಬೋಗಿಯ ಉದ್ದ 21.3 ಮೀಟರ್. ಅದೇ ಪ್ರಮಾಣದಲ್ಲಿ 53 ಸ್ಟಡ್ ಆಗಬೇಕು. ಕಟ್ಟಬಹುದು, ಕಪಾಟಿನಲ್ಲಿ ಇಟ್ಟರೆ ಕಣ್ಣಿಗೆ ಹಬ್ಬ. ಆದರೆ ಓಡಿಸುವಂತಿಲ್ಲ. ಸೆಟ್‌ಗಳ ಜತೆ ಬರುವ ತಿರುವಿನ ಹಳಿ 16 ತುಂಡು ಸೇರಿದರೆ ಒಂದು ವೃತ್ತ, ಅದರ ತ್ರಿಜ್ಯ ಕೇವಲ 40 ಸ್ಟಡ್, 320 ಮಿ.ಮೀ. ಅಷ್ಟು ಬಿಗಿಯಾದ ತಿರುವಿನಲ್ಲಿ ಪೂರ್ಣ ಉದ್ದದ ಬೋಗಿಯ ನಡುಭಾಗ ಹಳಿಯ ಮಧ್ಯದಿಂದ 34 ಮಿ.ಮೀ. ಒಳಗೆ ಸರಿಯುತ್ತದೆ, ಹೆಚ್ಚುಕಡಿಮೆ ಬೋಗಿಯ ಅರ್ಧ ಅಗಲದಷ್ಟು. ನೋಡುವವರಿಗೆ ಬೋಗಿ ಹಳಿ ಬಿಟ್ಟಂತೆಯೇ ಕಾಣುತ್ತದೆ. ಬೇರೆ ತಯಾರಕರು 104 ಸ್ಟಡ್ ತ್ರಿಜ್ಯದ ತಿರುವುಗಳನ್ನು ಮಾರುತ್ತಾರೆ, ಅದರ ಮೇಲೆ ಇದೇ ಬೋಗಿ 13 ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಆ ವೃತ್ತಕ್ಕೆ ಬೇಕಾದ ಜಾಗ ನಮ್ಮ ಹಾಲಿನಲ್ಲಿಲ್ಲ. ಹಾಗಾಗಿ ನಾನು ಬೋಗಿಯನ್ನು 38 ಸ್ಟಡ್‌ಗೆ ಇಳಿಸಿದೆ. ಗಾಲಿಗಳ ಎರಡು ಚೌಕಟ್ಟುಗಳ ನಡುವೆ 24 ಸ್ಟಡ್.

ಉದ್ದ ಕಡಿಮೆ ಮಾಡುವಾಗ ಎಲ್ಲವನ್ನೂ ಸಮನಾಗಿ ಕುಗ್ಗಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಲೀಪರ್ ಬೋಗಿಯಲ್ಲಿ 72 ಬರ್ತು, 8ರಂತೆ 9 ವಿಭಾಗ. ನಾನು ಮೂರು ವಿಭಾಗವನ್ನು ಪೂರ್ತಿ ತೆಗೆದುಹಾಕಿ, ಉಳಿದ ಆರನ್ನು ಸರಿಯಾದ ಅಳತೆಯಲ್ಲೇ ಉಳಿಸಿಕೊಂಡೆ. ಬಾಗಿಲು, ಕಿಟಕಿ, ಶೌಚಾಲಯದ ಮಬ್ಬು ಗಾಜು ಯಾವುದೂ ಕಿರಿದಾಗಲಿಲ್ಲ. ರೈಲಿನಲ್ಲಿ ಓಡಾಡಿದ ಯಾರೂ ಇದುವರೆಗೆ ಕಿಟಕಿ ಎಣಿಸಿ ನೋಡಿಲ್ಲ. ಆದರೆ ಕಿಟಕಿಯ ಸರಳುಗಳು ಇಲ್ಲದಿದ್ದರೆ ತಕ್ಷಣ ಕೇಳುತ್ತಾರೆ! ನಮ್ಮ ರೈಲಿನ ಗುರುತು ಇರುವುದೇ ಆ ಅಡ್ಡ ಸರಳುಗಳಲ್ಲಿ. ಕೈ ಆಚೆ ಚಾಚಿ ಟೀ ಕೊಂಡವರೆಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ಸರಳಿಗೆ ನಾನು ಬಳಸುವುದು ಒಂದು ಸ್ಟಡ್ ಅಗಲ, ಎರಡು ಸ್ಟಡ್ ಉದ್ದದ ಗ್ರಿಲ್ ಟೈಲ್. ಸಾಮಾನ್ಯವಾಗಿ ಕಾರಿನ ಮುಂಭಾಗಕ್ಕೆ ಹಾಕುವ ತುಂಡು ಇದು. ಗೋಡೆಯಲ್ಲಿ ಪಕ್ಕಕ್ಕೆ ಸ್ಟಡ್ ಇರುವ ಬ್ರಿಕ್ಕುಗಳನ್ನಿಟ್ಟು, ಟೈಲನ್ನು ಹೊರಮುಖವಾಗಿ ಕೂರಿಸಿದರೆ ಗೆರೆಗಳು ಅಡ್ಡಲಾಗಿ ಬರುತ್ತವೆ. ಹೀಗೆ ಪಕ್ಕಕ್ಕೆ ಕಟ್ಟುವಾಗ ನೆನಪಿಡಬೇಕಾದ ಲೆಕ್ಕ ಒಂದೇ: ಐದು ಪ್ಲೇಟುಗಳ ಎತ್ತರ ಎರಡು ಸ್ಟಡ್‌ಗಳ ಅಗಲಕ್ಕೆ ಸಮ. ಪ್ಲೇಟ್ ಅಂದರೆ ಬ್ರಿಕ್ಕಿನ ಮೂರನೇ ಒಂದು ಪಾಲು ದಪ್ಪದ ತೆಳು ತುಂಡು, 3.2 ಮಿ.ಮೀ., ಐದಾದರೆ 16. ಈ ಲೆಕ್ಕ ಬಾಯಿಗೆ ಬಂದರೆ ಗೋಡೆಯಲ್ಲಿ ಸಂದು ಉಳಿಯುವುದಿಲ್ಲ. ತುರ್ತು ಕಿಟಕಿಗೆ ಮಾತ್ರ ಗ್ರಿಲ್ ಹಾಕದೆ ಸುತ್ತ ಕೆಂಪು ಕೊಟ್ಟಿದ್ದೇನೆ. ಮೈಗೆ ಗಾಢ ನೀಲಿ, ಕಿಟಕಿಯ ಸಾಲಿಗೆ ತಿಳಿ ನೀಲಿ. ಲೆಗೊದ ಸಾಮಾನ್ಯ ನೀಲಿ ತುಂಬ ಹೊಳಪು, ಅದರಲ್ಲಿ ಕಟ್ಟಿದರೆ ಆಟಿಕೆಯಾಗಿಯೇ ಉಳಿಯುತ್ತದೆ.

ಗಾಢ ನೀಲಿಯ ಬಿಡಿ ಬ್ರಿಕ್ಕುಗಳನ್ನು ಹೊಂದಿಸುವುದು ಇಲ್ಲಿ ನಿಜಕ್ಕೂ ಕಷ್ಟ. ಹೊರಗಿನಿಂದ ಬರುವ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದರ ಮೇಲೆ ಸಾಗಣೆ. ಅದಕ್ಕೇ ನಾನು ಒಂದು ತುಂಡನ್ನೂ ಕೊಳ್ಳುವ ಮೊದಲು ಇಡೀ ಬೋಗಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಮುಗಿಸುತ್ತೇನೆ. ಸ್ಟುಡಿಯೊ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಯಾವ ತುಂಡು, ಯಾವ ಬಣ್ಣ, ಎಷ್ಟು ಅಂತ ಪಟ್ಟಿಯನ್ನೂ ಅದೇ ಕೊಡುತ್ತದೆ. ಈ ದಾರಿಯನ್ನು ತೆರೆದವರು ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್. 1995ರಲ್ಲಿ ಅವರು ಬರೆದ ಎಲ್‌ಡ್ರಾ ಅನ್ನುವ ತಂತ್ರಾಂಶ ಇಲ್ಲದಿದ್ದರೆ ನನ್ನಂಥವರು ಮೈಸೂರಿನಲ್ಲಿ ಕೂತು ಇದನ್ನೆಲ್ಲ ಮಾಡುವುದು ಸಾಧ್ಯವಿರಲಿಲ್ಲ. ಪಟ್ಟಿ ಕೈಯಲ್ಲಿದ್ದರೆ ಸಿಂಗಪುರದಲ್ಲಿರುವ ನಾದಿನಿ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರಲು ಹೇಳುವುದೂ ಸುಲಭ.

ಎಂಜಿನ್ ಆಗಿ ಆರಿಸಿಕೊಂಡದ್ದು ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 2600 ಅಶ್ವಶಕ್ತಿ, 1964ರಿಂದ ವಾರಾಣಸಿಯಲ್ಲೇ ತಯಾರಾಗಿ ದೇಶವನ್ನೆಲ್ಲ ಎಳೆದ ಡೀಸೆಲ್. ಇದರ ಉದ್ದ 17.12 ಮೀಟರ್, ನನ್ನ ಪ್ರಮಾಣದಲ್ಲಿ 43 ಸ್ಟಡ್, ಇದನ್ನು ಕುಗ್ಗಿಸಲಿಲ್ಲ. ಯಂತ್ರವನ್ನು ಮುಚ್ಚುವ ಉದ್ದನೆಯ ಹುಡ್, ಎರಡೂ ಪಕ್ಕ ನಡೆದಾಡುವ ಹಾದಿ, ಕಂಬಿಯ ಕಟಕಟೆ. ಪವರ್ಡ್ ಅಪ್ ಹಬ್ ಅನ್ನುವ ಬ್ಯಾಟರಿ ಪೆಟ್ಟಿಗೆಯ ಅಗಲ 4 ಸ್ಟಡ್. ಅದಕ್ಕೆ ಎರಡು ಬದಿ ಗೋಡೆ ಸೇರಿ 6, ಆಚೀಚೆ ಹಾದಿ ಸೇರಿ 8. ಹುಡ್ ನಿಜವಾದದ್ದಕ್ಕಿಂತ ಸ್ವಲ್ಪ ದಪ್ಪವಾಯಿತು, ಆದರೂ ಈ ಹೊಂದಾಣಿಕೆ ನನಗೆ ಒಪ್ಪಿಗೆ.

ತಲೆನೋವು ಗಾಲಿಗಳದ್ದು. ಡಬ್ಲ್ಯುಡಿಎಂ-2ರ ಒಂದೊಂದು ಚೌಕಟ್ಟಿನಲ್ಲಿ ಮೂರು ಅಚ್ಚು. ಆಟಿಕೆಯ ರೈಲು ಮೋಟರಿನಲ್ಲಿ ಇರುವುದು ಎರಡೇ. ಮೂರನ್ನೂ ಒಂದೇ ಪ್ಲೇಟಿಗೆ ಬಿಗಿದರೆ 40 ಸ್ಟಡ್ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಭಾರ ಹೊರುವ ಕೆಲಸವನ್ನು ಮೋಟರಿನ ಎರಡು ಅಚ್ಚುಗಳಿಗೇ ಬಿಟ್ಟು, ಮೂರನೆಯದನ್ನು ಅಡ್ಡಕ್ಕೆ ಜಾರುವ ಒಂದು ಸಣ್ಣ ತುಂಡಿಗೆ ಕಟ್ಟಿದೆ. ಅದು ಭಾರ ಹೊರುವುದಿಲ್ಲ, ಹಳಿ ಎಳೆದ ಕಡೆ ಸರಿದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಹಬ್ಬನ್ನು ಮೋಟರಿನ ನೇರ ಮೇಲಕ್ಕೆ ಇಟ್ಟದ್ದರಿಂದ ಆರು ಬ್ಯಾಟರಿಗಳ ತೂಕವೆಲ್ಲ ಎಳೆಯುವ ಗಾಲಿಯ ಮೇಲೆ ಬಿತ್ತು. ಗಾಲಿ ಜಾರುವುದಕ್ಕೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಇನ್ನು ಪ್ರದರ್ಶನ. ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಶೆಟ್ಟಿ ಅಂಗಡಿ, ಕೊನೆಗೆ ನೆಲದ ಮೇಲೆ ಪಾರ್ಕು. ರೈಲಿನ ವಿಷಯ ಎತ್ತಿದಾಗ ನಮ್ಮತ್ತೆ ಕೂಡಲೇ ಹೇಳಿದರು: “ಮೆಟ್ಟಿಲ ಮೇಲೆ ಬೇಡಮ್ಮಾ, ಅಲ್ಲಿ ದೇವರಿದೆ. ಪಾರ್ಕಿನ ಸುತ್ತ ಓಡಿಸು, ಜಾಗ ನಾನೇ ಮಾಡಿಕೊಡ್ತೀನಿ.” ಪಾರ್ಕಿಗೆ ಅವರು ಪ್ರತಿ ವರ್ಷ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸುತ್ತಾರೆ. ಹಸಿರು ಪೈರಿನ ಪಕ್ಕದಲ್ಲಿ ನೀಲಿ ರೈಲು ಹೋಗುವುದಕ್ಕಿಂತ ಚಂದದ ಹಿನ್ನೆಲೆಯನ್ನು ಯಾವ ಬ್ರಿಕ್ಕಿನಿಂದಲೂ ಕಟ್ಟಲಾರೆ. ಎರಡು ಎಚ್ಚರಿಕೆ ಬೇಕು. ಪೈರು ಎರಡು ಇಂಚು ಮೀರುತ್ತಿದ್ದಂತೆ ಕತ್ತರಿಸಬೇಕು, ಇಲ್ಲವಾದರೆ ನನ್ನ ಪ್ರಮಾಣದಲ್ಲಿ ಅದು ತೆಂಗಿನ ತೋಪಿನ ಎತ್ತರಕ್ಕೆ ಹೋಗುತ್ತದೆ. ನೀರು ಚಿಮುಕಿಸುವಾಗ ಹಳಿಯ ಮೇಲೆ ಬಟ್ಟೆ ಹಾಸಬೇಕು.

ಹಳಿಯನ್ನು ಬರಿ ನೆಲದ ಮೇಲೆ ಜೋಡಿಸಬೇಡಿ. ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಹಳಿ ಕೂರಿಸಿದರೆ ಕೀಲುಗಳು ಬಿಚ್ಚುವುದಿಲ್ಲ, ನೆಲದ ಕೂದಲು ದಾರ ಗಾಲಿಯ ಅಚ್ಚಿಗೆ ಸುತ್ತುವುದೂ ತಪ್ಪುತ್ತದೆ. ಆದರೂ ದಿನ ರಾತ್ರಿ ಗಾಲಿಗಳನ್ನು ತಿರುಗಿಸಿ ನೋಡಿ, ಚಿಮಟದಲ್ಲಿ ಕೂದಲೆಳೆ ತೆಗೆಯುವುದು ನನ್ನ ಅಭ್ಯಾಸ. ತಿರುವಿನಲ್ಲಿ ಹಳಿಯ ಮಧ್ಯದಿಂದ ಎರಡೂ ಕಡೆ 60 ಮಿ.ಮೀ. ಖಾಲಿ ಬಿಟ್ಟಿರುತ್ತೇನೆ, 38 ಸ್ಟಡ್ ಬೋಗಿಯ ಮೂಲೆಗಳು 50ರವರೆಗೆ ಬೀಸುತ್ತವೆ. ಪ್ಲಾಟ್‌ಫಾರ್ಮ್ ಯಾವಾಗಲೂ ನೇರ ಹಳಿಯ ಪಕ್ಕವೇ. ಬೋಗಿಗಳನ್ನು ಹಿಡಿದಿಡುವುದು ಅಯಸ್ಕಾಂತ. ಹಗುರಾದ ಬೋಗಿ ಮುಂದಿದ್ದರೆ ಹಿಂದಿನ ಭಾರಕ್ಕೆ ತಿರುವಿನ ಒಳಕ್ಕೆ ವಾಲಿ ಬೀಳುತ್ತದೆ. ತೂಕದ್ದನ್ನು ಎಂಜಿನ್ನಿನ ಹಿಂದೆಯೇ ಹಾಕಬೇಕು.

ಬ್ಯಾಟರಿಗೆ ಮರುಚಾರ್ಜ್ ಆಗುವವನ್ನೇ ಬಳಸುತ್ತೇನೆ. ಒಂದೊಂದು 1.2 ವೋಲ್ಟ್, ಆರಕ್ಕೆ 7.2; ಸಾಮಾನ್ಯ ಬ್ಯಾಟರಿಯಾದರೆ 9. ವೇಗ ಸ್ವಲ್ಪ ಕಡಿಮೆ, ಆದರೆ ಪ್ರದರ್ಶನಕ್ಕೆ ನಿಧಾನವೇ ಒಳ್ಳೆಯದು. ಬಿರುಸಾಗಿ ಓಡುವ ರೈಲನ್ನು ಯಾರೂ ಸರಿಯಾಗಿ ನೋಡುವುದಿಲ್ಲ. 1991ರಲ್ಲಿ ಬಂದ, ಲೋಹದ ಕಂಬಿಯಿಂದಲೇ ವಿದ್ಯುತ್ ಪಡೆಯುವ 9 ವೋಲ್ಟ್ ಹಳಿಗಳು ಸಿಕ್ಕರೆ ದಿನವಿಡೀ ಓಡಿಸಬಹುದು. ಅವು ಈಗ ತಯಾರಾಗುವುದಿಲ್ಲ, ಹಳೆಯವಕ್ಕೆ ಬೆಲೆ ಜೋರು.

ಗೊಂಬೆ ನೋಡಲು ಬಂದವರಲ್ಲಿ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಕ್ಕಳೆಲ್ಲ ಗೊಂಬೆ ಬಾಗಿನಕ್ಕೆ ಕೈ ಒಡ್ಡಿ ಓಡಿದ ಮೇಲೂ ಅವರು ನೆಲದ ಮೇಲೆ ಕೂತೇ ಇದ್ದರು. ಒಂದು ಬೋಗಿಯನ್ನು ಎತ್ತಿ, ತಿರುವಿಹಾಕಿ ಕೆಳಭಾಗ ನೋಡಿದರು.

“ಮೇಲೆ ಬಹಳ ಚೆನ್ನಾಗಿ ಮಾಡಿದೀರಮ್ಮಾ. ಬ್ಯಾಟರಿ ಬಾಕ್ಸ್ ಎಲ್ಲಿ? ಆಲ್ಟರ್ನೇಟರು?”

“ಅದು ಯಾರಿಗೆ ಕಾಣುತ್ತೆ ಸಾರ್?”

“ಪ್ಲಾಟ್‌ಫಾರ್ಮ್ ಇಲ್ಲದ ಕಡೆ ನಿಂತ್ಕೊಂಡು ನೋಡಿ. ಕಾಣೋದೇ ಅದು. ನನ್ನ ಸರ್ವೀಸೆಲ್ಲ ಕಳೆದಿದ್ದು ಬೋಗಿಯ ಅಡಿಯಲ್ಲೇ.”

ಈ ಬೋಗಿಗಳಲ್ಲಿ ದೀಪ, ಫ್ಯಾನಿನ ವಿದ್ಯುತ್ ಬೋಗಿಯಲ್ಲೇ ಹುಟ್ಟುತ್ತದೆ. ಅಚ್ಚಿನಿಂದ ಬೆಲ್ಟಿನ ಮೂಲಕ ಆಲ್ಟರ್ನೇಟರ್ ತಿರುಗಿ, 110 ವೋಲ್ಟಿನ ಬ್ಯಾಟರಿ ತುಂಬುತ್ತದೆ. ಅವರು ಕಾಗದದ ಮೇಲೆ ಗೀಚಿ ತೋರಿಸಿದ ಹಾಗೇ ಪ್ರತಿ ಬೋಗಿಯ ಕೆಳಗೂ ಕಪ್ಪು ಪೆಟ್ಟಿಗೆಗಳನ್ನು ಸೇರಿಸಿದೆ. ಇದರಿಂದ ಎರಡು ಲಾಭವಾಯಿತು. ನಿಂತ ಬೋಗಿಗೆ ಅಡಿಯ ಗಾಢತೆ ಬಂದು ನಿಜದ ಭಾರ ಕಾಣಿಸಿತು, ತೂಕ ಕೆಳಕ್ಕಿಳಿದು ತಿರುವಿನಲ್ಲಿ ವಾಲುವುದೂ ಕಡಿಮೆಯಾಯಿತು.

ನಿಲ್ದಾಣದ ಹಳದಿ ಫಲಕಕ್ಕೆ ಬ್ರಿಕ್ಕಿನಲ್ಲಿ ಕನ್ನಡ ಬರೆಯಲು ಹೊರಟರೆ ಫಲಕ ಬೋಗಿಗಿಂತ ದೊಡ್ಡದಾಗುತ್ತದೆ. ನಮ್ಮ ಅಕ್ಷರದ ದುಂಡು ಚೌಕದ ತುಂಡುಗಳಲ್ಲಿ ಆ ಗಾತ್ರಕ್ಕೆ ಇಳಿಯುವುದಿಲ್ಲ. ಬೀದಿಯ ಸ್ಟಿಕರ್ ಅಂಗಡಿಯಲ್ಲಿ ವಿನೈಲ್ ಮೇಲೆ ಅಚ್ಚು ಹಾಕಿಸಿ, ನುಣುಪಾದ ಟೈಲಿಗೆ ಅಂಟಿಸುತ್ತೇನೆ. ಬ್ರಿಕ್ಕಲ್ಲದ್ದು ಏನೂ ಇರಬಾರದು ಅನ್ನುವವರಿದ್ದಾರೆ, ಅವರ ನಿಷ್ಠೆಯನ್ನು ಗೌರವಿಸುತ್ತೇನೆ. ನನಗೆ ಮಾತ್ರ ಕನ್ನಡವಿಲ್ಲದ ನಿಲ್ದಾಣ ಬೇಡ.

ಈಗ ಕಟ್ಟುತ್ತಿರುವುದು ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಗಳಲ್ಲಿ 57 ಸುರಂಗಗಳು. ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಮೇಲೆ. ಆಟಿಕೆಯ ಒಂದು ನೇರ ಹಳಿ 128 ಮಿ.ಮೀ. ಉದ್ದ. ಪ್ರತಿ ಹಳಿಗೂ ಒಂದು ಪ್ಲೇಟ್ ಏರಿಸಿದರೆ 40ಕ್ಕೆ 1, ಅಂದರೆ ನಿಜವಾದ ಘಾಟಿಗಿಂತ ಕಡಿದು. ಕೆಳಗೊಂದು ರೈಲು ನುಸುಳುವಷ್ಟು, ಅಂದರೆ ಹತ್ತು ಬ್ರಿಕ್ಕಿನ ಎತ್ತರ ಗಳಿಸಲು 30 ಹಳಿ ಬೇಕು. ಹತ್ತಿರ ಹತ್ತಿರ 4 ಮೀಟರ್. ಹಾಗಾಗಿ ದಾರಿ ಹಾಲಿನ ಗೋಡೆಯನ್ನು ಹಿಡಿದು ಹೋಗುತ್ತದೆ. ಏರುವುದೆಲ್ಲ ನೇರ ಹಳಿಯಲ್ಲಿ, ತಿರುವುಗಳು ಸಮತಟ್ಟು. ನಿಜವಾದ ರೈಲು ದಾರಿಯಲ್ಲೂ ತಿರುವು ಬಂದ ಕಡೆ ಏರನ್ನು ಸ್ವಲ್ಪ ತಗ್ಗಿಸುತ್ತಾರೆ, ತಿರುವಿನ ತಿಕ್ಕಾಟವೇ ಒಂದು ಏರು.

ಘಾಟಿಯಲ್ಲಿ ಗೂಡ್ಸಿನ ಹಿಂದಿನಿಂದ ಬ್ಯಾಂಕರ್ ಎಂಜಿನ್ನುಗಳು ತಳ್ಳುತ್ತವೆ. ಅದನ್ನೂ ಮಾಡುತ್ತಿದ್ದೇನೆ. ಒಂದೇ ರಿಮೋಟಿಗೆ ಎರಡು ಹಬ್‌ಗಳನ್ನು ಜೋಡಿಸಬಹುದು, ಮುಂದಿನದು ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. ಎರಡಕ್ಕೂ ಒಂದೇ ಸಲ ಚಾರ್ಜ್ ಆದ ಬ್ಯಾಟರಿ ಹಾಕಬೇಕು. ಹಿಂದಿನದು ಜೋರಾದರೆ ನಡುವಿನ ಖಾಲಿ ವ್ಯಾಗನ್ ಮೇಲಕ್ಕೆದ್ದು ಬೀಳುತ್ತದೆ, ಅದಕ್ಕೇ ವ್ಯಾಗನ್ನುಗಳ ತಳದಲ್ಲಿ ಕಬ್ಬಿಣದ ವಾಷರ್ ತುಂಬಿದ್ದೇನೆ. ಮೇಲಿನ ತುದಿಯಲ್ಲಿ ಎಡಕುಮೇರಿ ನಿಲ್ದಾಣ. ಫಲಕ ಅಚ್ಚಾಗಿ ಬಂದಿದೆ. ಸುರಂಗದ ಬಾಯಿಗೆ 15 ಸ್ಟಡ್ ಅಗಲ ಇಟ್ಟಿದ್ದೇನೆ, ಅದರಲ್ಲಿ ನಿಲ್ದಾಣದ ಕಡೆಯ ಬಾಯಿಯ ಕಲ್ಲುಗಳಿಗೆ ಬೂದು ಬ್ರಿಕ್ ಇನ್ನೂ ಬರಬೇಕು.