ಬಳ್ಳಾರಿ ಬೇಸಿಗೆಯಲ್ಲೂ ಮೊದಲು ಕಾವು, ಆಮೇಲೆ ಹಾಲು: ಕಣ್ಣು ಬಿಡದ ಬೆಕ್ಕಿನ ಮರಿ ಉಳಿಸಿದ ನನ್ನ ಅನುಭವ

ಮೊನ್ನೆ ತೂಗಿದಾಗ ಮರಿ 700 ಗ್ರಾಂ ದಾಟಿತ್ತು. ಕೈಗೆ ಬಂದ ದಿನ 100 ಗ್ರಾಂ ಕೂಡ ಇರಲಿಲ್ಲ. ಹೊಕ್ಕುಳಬಳ್ಳಿ ಇನ್ನೂ ಉದುರಿರಲಿಲ್ಲ.

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮಂಥ ಜೀನ್ಸ್ ಹೊಲಿಯುವ ಶೆಡ್‌ಗಳಲ್ಲಿ ಬೆಕ್ಕುಗಳು ಬಟ್ಟೆ ಕಟಿಂಗ್ ಚೂರಿನ ಚೀಲದಲ್ಲೇ ಮರಿ ಹಾಕುತ್ತವೆ. ಚೀಲ ಗಾಡಿಗೆ ಏರುತ್ತದೆ, ತಾಯಿ ಬೆದರಿ ಓಡುತ್ತದೆ, ಒಂದೆರಡು ಮರಿ ಹಿಂದೆ ಬಿದ್ದಿರುತ್ತವೆ. ತಾಯಿ ಬಂದೀತೆಂದು ಕಾಯುತ್ತೇವೆ. ಬರದಿದ್ದರೆ ನಾನು ಮನೆಗೆ ತರುತ್ತೇನೆ. ಎಷ್ಟೋ ವರ್ಷದಿಂದ ಹೀಗೇ. ಕಣ್ಣು ಬಿಟ್ಟ ಮರಿಗಳು ಬಹಳಷ್ಟು ಉಳಿದಿವೆ. ಕಣ್ಣು ಬಿಡದವು ಒಂದೂ ಉಳಿದಿರಲಿಲ್ಲ, ಈ ಸಲದ ತನಕ.

ಮುಂಚಿನವು ಹೋದದ್ದೆಲ್ಲ ಒಂದೇ ರೀತಿ. ಎಲ್ಲರೂ ಹೇಳುವಂತೆ ಮೊದಲು ಹಾಲು. ಕುಡಿದಾಗ ಖುಷಿಯಾಗುತ್ತಿತ್ತು. ರಾತ್ರಿಯಾಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಗಟ್ಟಿ, ಬೆಳಗ್ಗೆ ಮರಿ ಇಲ್ಲ. ಒಂದಕ್ಕೆ ಹಾಲು ಮೂಗಿನಿಂದ ವಾಪಸ್ ಬಂತು. ಒಂದು ಆಸ್ಪತ್ರೆಯಲ್ಲಿ ಮುಟ್ಟಿ ಕೂಡ ನೋಡದೆ "ಇವು ಉಳಿಯಲ್ಲ, ಸುಮ್ನೆ ಯಾಕೆ ಕಷ್ಟಪಡ್ತೀರಿ" ಅಂದರು. ಆ ಮಾತು ಇವತ್ತಿಗೂ ನೋವು ಕೊಡುತ್ತದೆ.

ಈ ಸಲ ಹಾಲು ಮುಟ್ಟುವ ಮೊದಲು ಥರ್ಮಾಮೀಟರ್ ಇಟ್ಟೆ. ಮೊದಲ ವಾರದ ಮರಿಗೆ 95ರಿಂದ 98 ಫ್ಯಾರನ್‌ಹೀಟ್ ಇರಬೇಕು. ಇದಕ್ಕೆ 92ರ ಆಸುಪಾಸು. ಹೊರಗೆ ಏಪ್ರಿಲ್ ಬಿಸಿಲು, ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ದಿನ. ಆದರೂ ಮರಿ ತಣ್ಣಗಿತ್ತು. ಯಾಕೆ ಅಂದರೆ ಅದು ಬಿದ್ದಿದ್ದು ಕಡಪ ಕಲ್ಲಿನ ನೆಲದ ಮೇಲೆ, ಎದುರಿಗೆ ಏರ್ ಕೂಲರ್, ಮೈಯೆಲ್ಲ ಒದ್ದೆ. ಈ ವಯಸ್ಸಿನ ಮರಿಗೆ ನಡುಗಲೂ ಬರುವುದಿಲ್ಲ. ಮೈ ಅಷ್ಟು ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ಹಾಲು ಒಳಗೇ ಕೊಳೆಯುತ್ತದೆ. 94ಕ್ಕಿಂತ ಕೆಳಗಿದ್ದರೆ ಹಾಲಿಲ್ಲ, ಮೊದಲು ಕಾವು ಎಂದು ಗೆರೆ ಎಳೆದುಬಿಟ್ಟೆ. ವಸಡಿಗೆ ಒಂದು ಹನಿ ಸಕ್ಕರೆ ನೀರು ಸವರಿದೆ, ಅಷ್ಟೇ.

ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಏಪ್ರಿಲ್ ಬಿಸ್ಲಾಗ ಕಾವು ಕೊಡ್ತಿಯಲ್ಲಕ್ಕಾ, ಬೆಂದು ಹೋಗ್ತೈತಿ" ಅಂದಳು ಓವರ್‌ಲಾಕ್ ಹೊಡೆಯುವ ಹುಡುಗಿ. ಅತ್ತೆಗೆ ಸಿಟ್ಟೇ ಬಂತು. "ಹಸಿದ ಕೂಸಿಗೆ ಹಾಲು ಕೊಡದ ಹೆಂಗಸು ನೀನೊಬ್ಬಾಕಿನೇ" ಅಂದರು. ಸುಮಾರು ಎರಡು ತಾಸು ಆದ ಮೇಲೆ 95 ದಾಟಿತು. ಆಗ ತಾನಾಗೇ ಬಾಯಿಂದ ಹಾಲು ಹುಡುಕಲು ಶುರು ಮಾಡಿತು. 2 ಮಿಲಿ ಕುಡಿಯಿತು, ಹೊಟ್ಟೆ ಉಬ್ಬಲಿಲ್ಲ.

ಕಾವಿನ ವಿಷಯದಲ್ಲಿ ನಾನು ಮಾಡಿ ನೋಡದ್ದೇ ಇಲ್ಲ. 60 ವ್ಯಾಟ್ ಬಲ್ಬ್ ಮರಿಯ ಚರ್ಮ ಒಣಗಿಸುತ್ತದೆ, ಕರೆಂಟ್ ಹೋದರೆ ಕಥೆ ಮುಗಿಯಿತು. ಬಿಸಿನೀರಿನ ಬಾಟಲಿ ಬೇಗ ಆರಿ, ಆಮೇಲೆ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಕೊನೆಗೆ ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಎರಡು ಪದರ ಮಾಡಿ, ಉದ್ದ ಚೀಲ ಹೊಲಿದೆ. ಒಳಗೆ ಹಂಚಿನ ಮೇಲೆ ಬಿಸಿ ಮಾಡಿದ ಕಾಳು. ಅಕ್ಕಿ, ಜೋಳ, ಕಲ್ಲುಪ್ಪು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಕ್ಕಿ ಒಂದು ತಾಸಿಗೆಲ್ಲ ಸಪ್ಪಗಾಯಿತು. ಉಪ್ಪು ಬಹಳ ಹೊತ್ತು ಹಿಡಿಯುತ್ತದೆ, ಆದರೆ ಮೊದಲ ಅರ್ಧ ತಾಸು ಕೈ ಸುಡುವಷ್ಟು ಬಿಸಿ. ಜೋಳ ಗೆದ್ದಿತು. ದಪ್ಪ ಡೆನಿಮ್ ಬಿಸಿಯನ್ನು ನಿಧಾನಕ್ಕೆ ಬಿಡುತ್ತದೆ. ಅಂಗಡಿಯ ಯಾವ ಹೀಟಿಂಗ್ ಪ್ಯಾಡ್‌ಗೂ ಈ ಚೀಲ ಕಡಿಮೆಯಿಲ್ಲ, ಪಂಥ ಕಟ್ಟಿ ಹೇಳುತ್ತೇನೆ. ಹಾಸಿಗೆಗೆ ಮಾತ್ರ ಕಟಿಂಗ್ ಚೂರು ಬೇಡ. ದಾರ ಕಾಲಿಗೆ ಸುತ್ತಿಕೊಂಡರೆ ರಕ್ತ ನಿಲ್ಲುತ್ತದೆ. ಹಳೆ ಬನಿಯನ್ ಬಟ್ಟೆ ಸಾಕು.

ಚೀಲ ಡಬ್ಬದ ಅರ್ಧಕ್ಕೆ ಮಾತ್ರ. ಇನ್ನರ್ಧ ಖಾಲಿ, ಸೆಕೆಯಾದರೆ ಮರಿ ಆ ಕಡೆ ತೆವಳಲಿ. ಮಧ್ಯಾಹ್ನ ತಗಡಿನ ಶೀಟು ಕಾದಾಗ ಚೀಲ ತೆಗೆದು ಡಬ್ಬದ ಹೊರಗೆ ಒದ್ದೆ ಗೋಣಿ ಸುತ್ತುತ್ತಿದ್ದೆ. ಮರಿ ಕೈಕಾಲು ಚೆಲ್ಲಿ ಬಾಯಿ ತೆರೆದರೆ ಸೆಕೆ, ಮುದುಡಿ ಸುಮ್ಮನಾದರೆ ಚಳಿ.

ಹಾಲಿಗೆ ಬರುತ್ತೇನೆ. ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಆನ್‌ಲೈನ್‌ನಲ್ಲಿ ತರಿಸಿದೆ, ಬರಲು ಮೂರ್ನಾಲ್ಕು ದಿನ. ಅಲ್ಲಿಯವರೆಗೆ ಕುರುಬರ ಹಟ್ಟಿಯಿಂದ ಆಡಿನ ಹಾಲು. ಬರೀ ಆಡಿನ ಹಾಲಿಗೆ ದಿನಕ್ಕೆ 3-4 ಗ್ರಾಂ ಏರಿತು. ಮೊಟ್ಟೆಯ ಹಳದಿ ಸೇರಿಸಿದ ಮೇಲೆ 6-7 ಗ್ರಾಂ. ಪುಡಿ ಬಂದ ಮೇಲೆ 10-12, ಬೇಕಾದದ್ದು ಅಷ್ಟೇ. ಹಳದಿ ಎಷ್ಟು ಹಾಕಿದೆ ಅಂತ ಬರೆಯುವುದಿಲ್ಲ. ಬರೆದರೆ ಪುಡಿ ತರಿಸದೆ ಅದರಲ್ಲೇ ತಿಂಗಳು ನೂಕುವವರಿದ್ದಾರೆ. ಒಮ್ಮೆಗೆ 100 ಗ್ರಾಂ ತೂಕಕ್ಕೆ 4 ಮಿಲಿಗಿಂತ ಜಾಸ್ತಿ ಬೇಡ. ಮೊದಲ ವಾರ ಎರಡು ತಾಸಿಗೊಮ್ಮೆ, ರಾತ್ರಿಯೂ. ಸಿರಿಂಜಿನ ತುದಿಗೆ ಸೈಕಲ್ ವಾಲ್ವ್ ಟ್ಯೂಬಿನ ತುಂಡು ಹಾಕುತ್ತೇನೆ. ಅದು ಜಾರದ ಹಾಗೆ ಕೂರಿಸುವುದು ಒಂದು ಕೈಚಳಕ, ಎದುರಿಗೆ ಕೂತೇ ಕಲಿಯಬೇಕು. ಜಾರಿದರೆ ಗಂಟಲಿಗೆ ಹೋಗುತ್ತದೆ. ಗೊತ್ತಿಲ್ಲದವರು ನಿಪ್ಪಲ್ ಕೊಳ್ಳಿ. ಈ ವಯಸ್ಸಿನ ಮರಿ ತಾನಾಗಿ ಉಚ್ಚೆ ಮಾಡುವುದಿಲ್ಲ, ಹಾಲಾದ ಮೇಲೆ ಬಾಲದ ಕೆಳಗೆ ಒದ್ದೆ ಹತ್ತಿಯಲ್ಲಿ ಒರೆಸಿ ಮಾಡಿಸಬೇಕು.

ಚಿಗಟ ವಿಪರೀತ ಇತ್ತು. ನಾಯಿಗೆ ಹಾಕುವ ಪುಡಿ ಕೊಡಲು ಬಂದರು, ಬೇಡವೆಂದೆ. ಅಂಥ ಕೆಲವುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ, ಬೆಕ್ಕಿಗೆ ಅದು ವಿಷ. ಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೋಪು ಒಂದು ಹನಿ, ಹೇನು ಬಾಚಣಿಗೆ, ತಕ್ಷಣ ಒಣಗಿಸಿ ಮತ್ತೆ ಜೋಳದ ಚೀಲ.

ಖರ್ಚು ನೆನಪಿದ್ದಷ್ಟು: ಹಾಲಿನ ಪುಡಿ, ಕೊರಿಯರ್ ಸೇರಿ 1,400 ರೂಪಾಯಿ ಹತ್ತಿರ. ಗ್ರಾಂ ತೂಗುವ ತಕ್ಕಡಿ 350. ಥರ್ಮಾಮೀಟರ್ 150. ಡಾಕ್ಟರ್, ಜಂತಿನ ಔಷಧಿ ಸೇರಿ 400. ಪೀಸ್ ರೇಟಿನಲ್ಲಿ ಹೊಲಿಯುವವಳಿಗೆ ನಿದ್ದೆಗೆಟ್ಟರೆ ಕೆಲಸ ಕಡಿಮೆ, ಅದರಲ್ಲಿ ಹೋದದ್ದು 2,000ವಾದರೂ ಇರಬೇಕು. ಇದರಲ್ಲಿ ತಕ್ಕಡಿಯ ಹಣವೇ ಹೆಚ್ಚು ಕೆಲಸ ಮಾಡಿತು. ತೂಕ ಒಂದು ದಿನ ನಿಂತರೂ ಗೊತ್ತಾಗುತ್ತಿತ್ತು, ಹೊಟ್ಟೆ ನೋಡಿ ಊಹಿಸುವ ಕಷ್ಟ ತಪ್ಪಿತು.

ಎರಡನೇ ವಾರದಲ್ಲಿ ಕಣ್ಣು ಬಿಟ್ಟಿತು. ಆಮೇಲಿನದು ಸುಲಭ. ತಿಂಗಳಾದ ಮೇಲೆ ಪುಡಿ ಹಾಲಿನಲ್ಲಿ ಕಲಸಿದ ಬೇಯಿಸಿದ ಕೋಳಿ, ಕಕ್ಕಸಿಗೆ ತಟ್ಟೆಯಲ್ಲಿ ಮರಳು. ಈಗ ಅತ್ತೆಯೇ ದಿನಾ ತೂಗಿ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. ಈ ವಾರ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್. ಅದರ ದುಡ್ಡು ಈಗಲೇ ಎತ್ತಿಟ್ಟಿದ್ದೇನೆ.