ಎಂಬತ್ತರ ಟೀನ್ ಕಾಮಿಡಿಗಳನ್ನು ಮತ್ತೆ ನೋಡುವಾಗ ಎಲ್ಲೆಲ್ಲಿ ತಟ್ಟಿ ನೋಡಬೇಕು

ಎಂಬತ್ತರ ದಶಕದ ಅಮೆರಿಕನ್ ಟೀನ್ ಕಾಮಿಡಿಗಳು ಇವತ್ತಿಗೂ ನಿಲ್ಲುತ್ತವೆಯೇ ಎಂದು ಕೇಳಿದರೆ ಎರಡು ಸಿದ್ಧ ಉತ್ತರ ಸಿಗುತ್ತವೆ. ಒಂದು, ‘ಆ ಕಾಲವೇ ಹಾಗಿತ್ತು ಬಿಡಿ’. ಇನ್ನೊಂದು, ‘ಈಗ ಅವನ್ನೆಲ್ಲ ನೋಡೋಕಾಗಲ್ಲ’. ಎರಡನ್ನೂ ಸಿನಿಮಾ ನೋಡದೆಯೇ ಹೇಳಿಬಿಡಬಹುದು ಎಂಬುದೇ ತೊಂದರೆ. ಮಡಕೆ ಕೊಳ್ಳುವವರು ಬಣ್ಣ ನೋಡಿ ಸುಮ್ಮನಾಗುವುದಿಲ್ಲ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಈ ಸಿನಿಮಾಗಳನ್ನೂ ಹಾಗೆ ತಟ್ಟಿ ನೋಡಬೇಕು. ತಟ್ಟಿದರೆ ಅಚ್ಚರಿಯೊಂದು ಕಾಣುತ್ತದೆ: ಪೋಲಿ ಎನಿಸಿಕೊಂಡ ಕೆಲವು ಗಟ್ಟಿಯಾಗಿವೆ, ಮುದ್ದು ಎನಿಸಿಕೊಂಡ ಕೆಲವು ಬಿರುಕು ಬಿಟ್ಟಿವೆ.

ಮೊದಲು ಸರಿಯಾದ ಪ್ರಿಂಟ್

ಟಿವಿಗೆಂದು ಕತ್ತರಿಸಿದ ಪ್ರಿಂಟ್ ನೋಡಿ ತೀರ್ಪು ಕೊಡಬೇಡಿ. ಅಂಥವುಗಳಲ್ಲಿ ಬೈಗುಳದ ಮೇಲೆ ಬೇರೆ ಮಾತು ಡಬ್ ಆಗಿರುತ್ತದೆ, ಮುಜುಗರದ ಸೀನ್‌ಗಳು ಮಾಯವಾಗಿರುತ್ತವೆ. ‘ನಾವು ನೋಡಿದಾಗ ಇದೆಲ್ಲ ಇರಲೇ ಇಲ್ಲವಲ್ಲ’ ಎನ್ನುವವರಲ್ಲಿ ಅನೇಕರು ನೋಡಿದ್ದು ಈ ಟಿವಿ ಪ್ರಿಂಟನ್ನೇ. ಪತ್ತೆ ಹಚ್ಚಲು ಅವಧಿ ನೋಡಿ. ‘ಫಾಸ್ಟ್ ಟೈಮ್ಸ್ ಅಟ್ ರಿಡ್ಜ್‌ಮಾಂಟ್ ಹೈ’ ಸುಮಾರು 90 ನಿಮಿಷ, ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ 93, ‘ಪ್ರಿಟಿ ಇನ್ ಪಿಂಕ್’ 96, ‘ದ ಬ್ರೇಕ್‌ಫಾಸ್ಟ್ ಕ್ಲಬ್’ 97, ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ 103. ಹತ್ತು ನಿಮಿಷ ಕಡಿಮೆಯಿದ್ದರೆ ಕತ್ತರಿ ಬಿದ್ದಿದೆ ಎಂದೇ ಅರ್ಥ. ಆದರೆ ಮೂರು ನಾಲ್ಕು ನಿಮಿಷ ಕಡಿಮೆಯಿದ್ದರೆ ಗಾಬರಿ ಬೇಡ. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರವನ್ನು ಪ್ಯಾಲ್ ಪದ್ಧತಿಯ (ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿ) ಡಿವಿಡಿ 25ರ ವೇಗದಲ್ಲಿ ಓಡಿಸುತ್ತದೆ. ಹಾಗಾಗಿ 97 ನಿಮಿಷ 93 ಆಗುತ್ತದೆ, ದನಿ ಕೂಡ ಒಂದಿಷ್ಟು ತೆಳ್ಳಗೆ ಕೇಳುತ್ತದೆ. ಏನೂ ಕಳೆದುಹೋಗಿರುವುದಿಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಭಾಷೆ ಚೆನ್ನಾಗಿ ಬಂದರೂ ಸರಿ. ಸಲಿಂಗಿಗಳನ್ನು ಹೀಯಾಳಿಸುವ ಒಂದು ಪದ ಈ ದಶಕದ ಸಿನಿಮಾಗಳಲ್ಲಿ ಉಪ್ಪು ಚಿಮುಕಿಸಿದ ಹಾಗೆ ಎಲ್ಲೆಡೆ ಇದೆ. ‘ಟೀನ್ ವುಲ್ಫ್’ನಲ್ಲಿದೆ, ‘ಬಿಲ್ ಅಂಡ್ ಟೆಡ್ಸ್ ಎಕ್ಸಲೆಂಟ್ ಅಡ್ವೆಂಚರ್’ನಲ್ಲಿ ಇಬ್ಬರು ಗೆಳೆಯರು ತಬ್ಬಿಕೊಂಡ ಮರುಕ್ಷಣವೇ ಇದೆ. ಕಿವಿಗೆ ಬಿದ್ದು ಜಾರಿಹೋಗುವ ಮಾತು ಪರದೆಯ ಮೇಲೆ ಅಕ್ಷರವಾಗಿ ನಿಂತಾಗ ಜಾರುವುದಿಲ್ಲ.

ರೇಟಿಂಗ್ ನಂಬಿ ಕೂರಬೇಡಿ

ಅಮೆರಿಕದಲ್ಲಿ ಪಿಜಿ-13 ಎಂಬ ದರ್ಜೆ ಬಂದದ್ದೇ 1984ರ ಜುಲೈ 1ರಂದು. ಅದಕ್ಕೂ ಮೊದಲು ಪಿಜಿ (ಮಕ್ಕಳು ನೋಡಬಹುದು, ಹೆತ್ತವರ ಎಚ್ಚರವಿರಲಿ) ಮತ್ತು ಆರ್ (ಹದಿನೇಳರೊಳಗಿನವರು ದೊಡ್ಡವರ ಜೊತೆ ಮಾತ್ರ) ನಡುವೆ ಏನೂ ಇರಲಿಲ್ಲ. ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ ಅದೇ ವರ್ಷದ ಮೇ ತಿಂಗಳಲ್ಲಿ ತೆರೆಕಂಡಿತು. ಹಾಗಾಗಿ ಹುಡುಗಿಯರ ಶವರ್ ಕೋಣೆಯಲ್ಲಿ ನಗ್ನತೆಯ ಶಾಟ್ ಇದ್ದೂ ಅದು ಪಿಜಿ. ಇವತ್ತು ಪಿಜಿ ನೋಡಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡವರು ಅಲ್ಲಿ ರಿಮೋಟ್ ಹುಡುಕತೊಡಗುತ್ತಾರೆ. 1984ರ ನಡುಭಾಗಕ್ಕಿಂತ ಹಿಂದಿನ ಪಿಜಿ ಎಂದರೆ ಇಂದಿನ ಲೆಕ್ಕದಲ್ಲಿ ಕನಿಷ್ಠ ಒಂದು ಮೆಟ್ಟಿಲು ಮೇಲೆ ಎಂದುಕೊಳ್ಳಿ. ಆಮೇಲಿನ ಪಿಜಿಯನ್ನೂ ಪೂರ್ತಿ ನಂಬುವಂತಿಲ್ಲ. 1985ರ ‘ಬೆಟರ್ ಆಫ್ ಡೆಡ್’ ಪಿಜಿ ಚಿತ್ರ, ಅದರಲ್ಲಿ ನಾಯಕನ ಆತ್ಮಹತ್ಯೆ ಪ್ರಯತ್ನಗಳೇ ಮತ್ತೆ ಮತ್ತೆ ಬರುವ ಜೋಕು.

ತಟ್ಟುವ ವಿಧಾನ

ಒಂದು ಹಾಳೆ, ಪೆನ್ನು, ಸಿನಿಮಾದ ಟೈಮರ್ ಸಾಕು. ಮೊದಲ ಸಲ ನಿಲ್ಲಿಸದೆ ಪೂರ್ತಿ ನೋಡಿ. ನಿಜವಾಗಿ ನಕ್ಕ ಕಡೆ ಒಂದು ಗೀಟು, ಹೊಟ್ಟೆಯಲ್ಲಿ ಏನೋ ಕಸಿವಿಸಿಯಾದ ಕಡೆ ಇನ್ನೊಂದು ಗುರುತು, ಎರಡರ ಪಕ್ಕದಲ್ಲೂ ನಿಮಿಷ. ವಿವರಣೆ ಬರೆಯಲು ಹೋಗಬೇಡಿ. ಬರೆಯುತ್ತ ಕೂತರೆ ಕಾಮಿಡಿಯ ಲಯ ತಪ್ಪುತ್ತದೆ, ಲಯ ತಪ್ಪಿದ ಕಾಮಿಡಿ ಯಾವ ಕಾಲದ್ದಾದರೂ ಸಪ್ಪೆ. ನೋಡಿ ಮುಗಿದ ಮೇಲೆ ಕಸಿವಿಸಿಯ ಗುರುತುಗಳಿಗೆ ಮಾತ್ರ ವಾಪಸ್ ಹೋಗಿ, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ.

ನಗು ಯಾರ ಮೇಲೆ? ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತಿದೆ? ಆದದ್ದಕ್ಕೆ ಕಥೆಯೊಳಗೆ ಬೆಲೆ ತೆತ್ತವರು ಯಾರು?

ಮೂರನೆಯದೇ ಹೆಚ್ಚು ಕೆಲಸಕ್ಕೆ ಬರುವುದು. ಕೆಟ್ಟ ನಡವಳಿಕೆಯನ್ನು ತೋರಿಸಿದ ಮಾತ್ರಕ್ಕೆ ಸಿನಿಮಾ ಹಳಸುವುದಿಲ್ಲ, ಅದಕ್ಕೆ ಬಹುಮಾನ ಕೊಟ್ಟಾಗ ಹಳಸುತ್ತದೆ. ಏಮಿ ಹೆಕರ್ಲಿಂಗ್ ನಿರ್ದೇಶನದ ‘ಫಾಸ್ಟ್ ಟೈಮ್ಸ್’ (1982) ತೆಗೆದುಕೊಳ್ಳಿ. ಆರ್ ರೇಟಿಂಗ್, ಗಾಂಜಾ, ಈಜುಕೊಳದ ಪ್ರಸಿದ್ಧ ಕನಸಿನ ಸೀನ್; ಮೇಲ್ನೋಟಕ್ಕೆ ಮೊದಲು ಮುಗ್ಗರಿಸಬೇಕಾದ್ದು ಇದೇ. ಆದರೆ ಆ ಈಜುಕೊಳದ ಸೀನ್ ಮುಗಿಯುವುದು ಕನಸು ಕಂಡ ಹುಡುಗ ಸಿಕ್ಕಿಬಿದ್ದು ನಾಚಿಕೆಯಿಂದ ಕುಗ್ಗುವಲ್ಲಿ. ಹದಿನೈದರ ಸ್ಟೇಸಿ ತನಗಿಂತ ಎಷ್ಟೋ ದೊಡ್ಡವನ ಜೊತೆ ಹೋದಾಗ ಕ್ಯಾಮೆರಾ ಅವಳ ಕಣ್ಣಾಗಿ ಮೇಲಿನ ಗೀಚುಬರಹವನ್ನು ನೋಡುತ್ತದೆ. ಅಲ್ಲಿ ಸಂಭ್ರಮವಿಲ್ಲ, ಬೇಸರವಿದೆ. ಮುಂದೆ ಇನ್ನೊಬ್ಬ ಹುಡುಗನಿಂದ ಅವಳು ಗರ್ಭಿಣಿಯಾದಾಗ ಗರ್ಭಪಾತಕ್ಕೆ ಹಣ ಕೊಡುತ್ತೇನೆಂದ ಅವನು ಕೈಕೊಡುತ್ತಾನೆ. ಕ್ಲಿನಿಕ್ಕಿನ ಹೊರಗೆ ಕಾಯುವವನು ಅಣ್ಣ, ಅವನು ಒಂದು ಮಾತೂ ಬೈಯುವುದಿಲ್ಲ. ಸಿನಿಮಾ ಯಾರ ಪಕ್ಷ ಎಂಬ ಅನುಮಾನವೇ ಉಳಿಯುವುದಿಲ್ಲ.

ಈಗ ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’. ಮನೆಯವರೆಲ್ಲ ಹುಟ್ಟುಹಬ್ಬವನ್ನೇ ಮರೆತಿರುವ ಹುಡುಗಿಯ ಕಥೆ, ಕೇಳಲು ಇದಕ್ಕಿಂತ ನಿರಪಾಯದ್ದು ಇಲ್ಲ. ಎರಡು ದೊಡ್ಡ ಬಿರುಕು ಕಾಣುತ್ತವೆ, ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಮೊದಲನೆಯದು ಏಷ್ಯಾದಿಂದ ಬಂದ ವಿದ್ಯಾರ್ಥಿ ಲಾಂಗ್ ಡಕ್ ಡಾಂಗ್. ಅವನು ಕಾಣಿಸಿಕೊಂಡರೆ ಜಾಗಟೆಯ ಸದ್ದು, ಅವನ ಹೆಸರು, ಉಚ್ಚಾರಣೆ, ಹಸಿವು ಎಲ್ಲವೂ ಜೋಕು. (ಆ ಪಾತ್ರ ಮಾಡಿದ ಗೆಡ್ಡೆ ವಟನಬೆ ಹುಟ್ಟಿದ್ದು ಅಮೆರಿಕದ ಯೂಟಾದಲ್ಲೇ, ಆ ಉಚ್ಚಾರಣೆ ಪಾತ್ರಕ್ಕಾಗಿ ತಂದುಕೊಂಡದ್ದು.) ಎರಡನೆಯದು ಕ್ಯಾರೊಲಿನ್ ಪ್ರಸಂಗ. ಕುಡಿದು ಪ್ರಜ್ಞೆ ತಪ್ಪಿದ ತನ್ನ ಗೆಳತಿ ಕ್ಯಾರೊಲಿನ್‌ಳನ್ನು ನಾಯಕಿಯ ಕನಸಿನ ಹುಡುಗ ಜೇಕ್ ಕಾರಿನ ಸಮೇತ ಇನ್ನೊಬ್ಬ ಹುಡುಗನ ಕೈಗೆ ಒಪ್ಪಿಸಿಬಿಡುತ್ತಾನೆ. ಬೆಳಗ್ಗೆ ಇಬ್ಬರಿಗೂ ರಾತ್ರಿ ಏನಾಯಿತೆಂಬ ನೆನಪಿಲ್ಲ, ಅವಳು ಖುಷಿಯಾಗಿಯೇ ಇದ್ದಾಳೆ ಎಂದು ತೋರಿಸಿ ಸಿನಿಮಾ ಕೈ ತೊಳೆದುಕೊಳ್ಳುತ್ತದೆ.

ಇಲ್ಲಿ ಮಾಡಬೇಕಾದ್ದು ಕಿತ್ತು ನೋಡುವ ಪರೀಕ್ಷೆ. ಆ ಸೀನ್ ತೆಗೆದರೆ ಕಥೆ ನಿಲ್ಲುತ್ತದೆಯೇ? ಡಾಂಗ್‌ನನ್ನು ಪೂರ್ತಿ ತೆಗೆದುಹಾಕಿ, ಹುಟ್ಟುಹಬ್ಬದ ಕಥೆಗೆ ಏನೂ ಆಗುವುದಿಲ್ಲ. ಅದು ಗೋಡೆಗೆ ಬಳಿದ ಕೆಟ್ಟ ಬಣ್ಣ. ಕ್ಯಾರೊಲಿನ್ ಪ್ರಸಂಗ ತೆಗೆದರೆ ಜೇಕ್ ಎಂಥವನು, ನಾಯಕಿಗೆ ಹೇಗೆ ದಕ್ಕಿದ ಎಂಬುದೇ ಕುಸಿಯುತ್ತದೆ. ಅದು ಕಂಬದಲ್ಲಿನ ಬಿರುಕು. ಬಣ್ಣ ಕೆಟ್ಟ ಸಿನಿಮಾವನ್ನು ಗೊಣಗುತ್ತಲೇ ನೋಡಬಹುದು. ಕಂಬ ಬಿರಿದಿದ್ದರೆ ಕೊನೆಯ ಮುತ್ತು ಮೊದಲಿನಂತೆ ರುಚಿಸುವುದಿಲ್ಲ, ಎಷ್ಟೇ ಅಕ್ಕರೆಯಿದ್ದರೂ. ‘ರಿವೆಂಜ್ ಆಫ್ ದ ನರ್ಡ್ಸ್’ (1984) ಕೂಡ ಇದೇ ಪರೀಕ್ಷೆಯಲ್ಲಿ ಬೀಳುತ್ತದೆ: ಬೇರೊಬ್ಬನ ಮುಖವಾಡ ತೊಟ್ಟು ಹುಡುಗಿಯನ್ನು ವಂಚಿಸುವುದೇ ಅಲ್ಲಿನ ಪ್ರೇಮಕಥೆಗೆ ಅಡಿಪಾಯ.

‘ಬ್ರೇಕ್‌ಫಾಸ್ಟ್ ಕ್ಲಬ್’ (1985) ಗಟ್ಟಿ ಮತ್ತು ಬಿರುಕು ಇವೆರಡರ ನಡುವೆ ಸಿಕ್ಕಿಕೊಂಡಿದೆ, ಹೆಚ್ಚು ಜಗಳವಾಗುವುದೂ ಇದರ ಬಗ್ಗೆಯೇ. ಶನಿವಾರದ ಶಿಕ್ಷೆಗೆಂದು ಲೈಬ್ರರಿಯಲ್ಲಿ ಕೂತ ಐದು ಮಂದಿ ನೆಲದ ಮೇಲೆ ಸುತ್ತ ಕುಳಿತು ಮಾತಾಡುವ ದೀರ್ಘ ಸೀನ್ ಇವತ್ತಿಗೂ ಅಲುಗಾಡಿಲ್ಲ. ಅಪ್ಪ ಅಮ್ಮನ ನಿರೀಕ್ಷೆ, ಅಂಕದ ಭಯ, ‘ಸೋಮವಾರ ಸಿಕ್ಕರೆ ಮಾತಾಡಿಸ್ತೀಯಾ’ ಎಂಬ ಪ್ರಶ್ನೆ, ಯಾವುದಕ್ಕೂ ವಯಸ್ಸಾಗಿಲ್ಲ. ಆದರೆ ಬೆಂಡರ್ ದಿನವಿಡೀ ಕ್ಲೇರ್‌ಳನ್ನು ಚುಚ್ಚುತ್ತಾನೆ, ಮೇಜಿನ ಕೆಳಗೆ ಅವಳ ಮೇಲೆ ಅತಿಕ್ರಮಿಸುತ್ತಾನೆ, ಕೊನೆಗೆ ಅವಳ ಕಿವಿಯೋಲೆ ಪಡೆದು ಹೋಗುತ್ತಾನೆ. ಆಲಿಸನ್‌ಗೆ ಮೇಕಪ್ ಮಾಡಿದ ಮೇಲಷ್ಟೇ ಹುಡುಗನ ಕಣ್ಣಿಗೆ ಬೀಳುವ ಯೋಗ. ಕ್ಲೇರ್ ಪಾತ್ರ ಮಾಡಿದ ಮಾಲಿ ರಿಂಗ್ವಾಲ್ಡ್ 2018ರಲ್ಲಿ ‘ದ ನ್ಯೂಯಾರ್ಕರ್’ನಲ್ಲಿ ಬರೆದ ಲೇಖನ ಈ ಇಕ್ಕಟ್ಟನ್ನೇ ಬಿಚ್ಚಿಡುತ್ತದೆ: ಮಗಳೊಂದಿಗೆ ಕೂತು ನೋಡಿದಾಗ ತಾನೇ ನಟಿಸಿದ ಸೀನ್‌ಗಳು ಕಾಡಿದ ಬಗೆ, ಜೊತೆಗೆ ಆ ಚಿತ್ರಗಳ ಮೇಲೆ ಉಳಿದಿರುವ ಪ್ರೀತಿ. ನಿಮ್ಮ ಹಾಳೆಯಲ್ಲೂ ಎರಡೂ ಗುರುತು ಪಕ್ಕಪಕ್ಕ ಬಿದ್ದಿದ್ದರೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ.

ಎಲ್ಲಿ ಎಡವುತ್ತಾರೆ

ಸಾಮಾನ್ಯ ತಪ್ಪು, ಕ್ಲಿಪ್ ನೋಡಿ ತೀರ್ಮಾನಿಸುವುದು. ‘ಸೇ ಎನಿಥಿಂಗ್’ (1989) ಚಿತ್ರದಲ್ಲಿ ಲಾಯ್ಡ್ ಟೇಪ್ ರೆಕಾರ್ಡರನ್ನು ತಲೆಯ ಮೇಲೆತ್ತಿ ಹುಡುಗಿಯ ಕಿಟಕಿಯ ಹೊರಗೆ ನಿಂತ ಚಿತ್ರ ಎಲ್ಲರಿಗೂ ಗೊತ್ತು. ಅಷ್ಟನ್ನೇ ನೋಡಿದರೆ ಬಿಡದೆ ಬೆನ್ನುಹತ್ತುವವನ ಹಾಗೆ ಕಾಣುತ್ತಾನೆ. ಪೂರ್ತಿ ನೋಡಿದರೆ ಆ ಸಾಹಸ ಫಲಿಸುವುದೇ ಇಲ್ಲ. ಅವಳು ಹೊರಗೆ ಬರುವುದಿಲ್ಲ, ಆಮೇಲೆ ಅಪ್ಪನ ವಂಚನೆ ಬಯಲಾದ ಮೇಲೆ ತಾನಾಗಿ ಅವನ ಬಳಿ ಬರುತ್ತಾಳೆ. ಪೋಸ್ಟರ್ ಒಂದು ಹೇಳಿದರೆ ಕಥೆ ಇನ್ನೊಂದು ಹೇಳುತ್ತದೆ.

ಇದರ ತದ್ವಿರುದ್ಧ ತಪ್ಪು ‘ಪ್ರಿಟಿ ಇನ್ ಪಿಂಕ್’ (1986) ವಿಷಯದಲ್ಲಿ ಆಗುತ್ತದೆ. ನಾಯಕಿ ಆಂಡಿಯ ಗೆಳೆಯ ಡಕಿ ಪಾಪದವನು, ಅವಳು ಶ್ರೀಮಂತ ಬ್ಲೇನ್‌ಗಲ್ಲ, ಅವನಿಗೇ ಸಿಗಬೇಕಿತ್ತು ಎಂದು ಇಂದಿಗೂ ವಾದಿಸುತ್ತಾರೆ. ಮೊದಲು ಚಿತ್ರೀಕರಿಸಿದ್ದೂ ಹಾಗೆಯೇ. ಪರೀಕ್ಷಾ ಪ್ರದರ್ಶನದ ಪ್ರೇಕ್ಷಕರಿಗೆ ಹಿಡಿಸದೆ ಕೊನೆಯನ್ನು ಮತ್ತೆ ಶೂಟ್ ಮಾಡಿದರು. ಆ ಹೊತ್ತಿಗೆ ಬ್ಲೇನ್ ಪಾತ್ರ ಮಾಡಿದ ಆಂಡ್ರ್ಯೂ ಮೆಕಾರ್ಥಿ ಬೇರೆ ಪಾತ್ರಕ್ಕೆ ತಲೆ ಬೋಳಿಸಿದ್ದರಿಂದ ಕೊನೆಯ ನೃತ್ಯದಲ್ಲಿ ತೊಟ್ಟಿರುವುದು ವಿಗ್. ಒಮ್ಮೆ ಗೊತ್ತಾದರೆ ಕಣ್ಣು ಅಲ್ಲೇ ಹೋಗುತ್ತದೆ. ಡಕಿ ಸೈಕಲ್ಲಿನಲ್ಲಿ ಅವಳ ಮನೆಯ ಮುಂದೆ ಸುತ್ತುವುದು, ಫೋನಿನ ಮೇಲೆ ಫೋನು ಮಾಡುವುದು ಇವನ್ನು ಮತ್ತೆ ತಟ್ಟಿ ನೋಡಿ. ಪ್ರೇಕ್ಷಕರು ಬೇಡವೆಂದದ್ದು ಅಷ್ಟೇನೂ ತಪ್ಪಲ್ಲ ಎನಿಸಬಹುದು. ಅಂದಹಾಗೆ ದುಡ್ಡಿರುವವರು, ಇಲ್ಲದವರ ನಡುವಿನ ಸಂಕಟವನ್ನು ಇಷ್ಟು ನೇರವಾಗಿ ಹೇಳಿದ ಟೀನ್ ಸಿನಿಮಾ ಆಮೇಲೂ ಹೆಚ್ಚು ಬಂದಿಲ್ಲ.

ಮೂರನೆಯದು, ಸಿನಿಮಾ ಬದಲಾಗದಿದ್ದರೂ ಜಗತ್ತು ಬದಲಾದದ್ದನ್ನು ಮರೆಯುವುದು. 1989ರಲ್ಲಿ ಅಮೆರಿಕದ ಥಿಯೇಟರುಗಳಿಗೆ ಬಂದ ‘ಹೆದರ್ಸ್’ನಲ್ಲಿ ಉದ್ದ ಕೋಟಿನ ಹುಡುಗ ಶಾಲೆಗೆ ಬಾಂಬ್ ಇಡುತ್ತಾನೆ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ನಡೆಸಿದ ಹತ್ಯಾಕಾಂಡದ ನಂತರ ಅದನ್ನು ಮೊದಲಿನ ಹಾಗೆ ನಗುತ್ತ ನೋಡುವುದು ಕಷ್ಟ. ಆದರೆ ನಗು ಅಲ್ಲಿ ಸತ್ತವರ ಮೇಲಲ್ಲ, ಸಾವನ್ನು ಹಬ್ಬ ಮಾಡುವ ದೊಡ್ಡವರ ಮೇಲೆ. ವಿಡಂಬನೆ ಇನ್ನೂ ಚೂಪಾಗಿದೆ, ಅದಕ್ಕೇ ಚುಚ್ಚುತ್ತದೆ.

ಹದಿಹರೆಯದವರಿಗೆ ತೋರಿಸುವುದಾದರೆ

ಒಂದು ವಾರ ಮೊದಲೇ ಒಬ್ಬರೇ ಕೂತು ನೋಡಿ ಹಾಳೆ ತಯಾರಿಟ್ಟುಕೊಳ್ಳಿ. ನೆನಪಿನ ಮೇಲೆ ಭರವಸೆ ಬೇಡ. ಶುರುವಿಗೆ ಒಂದೇ ವಾಕ್ಯದ ಪೀಠಿಕೆ ಸಾಕು: ‘ಇದರಲ್ಲಿ ಒಂದೆರಡು ಕಡೆ ನಂಗೂ ಸರಿ ಕಾಣಲ್ಲ, ಎಲ್ಲಿ ಅಂತ ನೀವೇ ಹೇಳಿ’. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಪಾಠ ಮಾಡಿದರೆ ಮಕ್ಕಳ ಕೈಗೆ ಫೋನ್ ಬರುತ್ತದೆ. ಹೆಚ್ಚೆಂದರೆ ಒಮ್ಮೆ ನಿಲ್ಲಿಸಿ, ಅದೂ ಕಂಬದ ಬಿರುಕಿನ ಜಾಗದಲ್ಲಿ. ‘ನಿಮ್ಮ ಕಾಲದಲ್ಲಿ ಇದೆಲ್ಲ ನಡೀತಿತ್ತಾ’ ಎಂದು ಕೇಳಿದರೆ ಸಿನಿಮಾದ ಪರ ವಕಾಲತ್ತು ಮಾಡದೆ ಉತ್ತರಿಸಿ.

ಕಿರಿಯರಿದ್ದರೆ ‘ಬ್ಯಾಕ್ ಟು ದ ಫ್ಯೂಚರ್’ನಿಂದ (1985) ಆರಂಭಿಸುವುದು ಸಲೀಸು. ಕಥೆಯ ಗಡಿಯಾರ ಒಂದು ನಿಮಿಷವನ್ನೂ ಪೋಲು ಮಾಡುವುದಿಲ್ಲ. ಲಿಬಿಯನ್ನರ ವ್ಯಂಗ್ಯಚಿತ್ರ ಮತ್ತು ಕಾರಿನೊಳಗೆ ಬಿಫ್ ಮಾಡುವ ಹಲ್ಲೆ, ಈ ಎರಡಕ್ಕೆ ಮಾತ್ರ ಸಿದ್ಧರಾಗಿರಿ. ದೊಡ್ಡವರೇ ಇದ್ದರೆ ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ ಮತ್ತು ‘ಫಾಸ್ಟ್ ಟೈಮ್ಸ್’ ಒಂದೇ ಸಂಜೆಗೆ ಜೋಡಿಸಿ, ಒಟ್ಟು 183 ನಿಮಿಷ, ನಡುವೆ ಕಾಲು ಗಂಟೆ ಬಿಡುವು. ಮುದ್ದಿನದು ಮೊದಲು, ಪೋಲಿಯದು ಆಮೇಲೆ. ಅದಲುಬದಲು ಮಾಡಿದರೆ ಎರಡನೆಯದನ್ನು ಮುಗಿಸುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ.