ಆರತಕ್ಷತೆ ಮುಗಿದು ಮುಹೂರ್ತ ಬರುವಷ್ಟರಲ್ಲಿ

ನಮ್ಮ ಕಡೆ ಮದುವೆ ಅಂದರೆ ಎರಡು ದಿನದ ಕೆಲಸ. ಸಂಜೆ ಆರತಕ್ಷತೆ, ಮಾರನೇ ದಿನ ಬೆಳಗಿನ ಜಾವಕ್ಕೇ ಶುರುವಾಗಿ ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ. ರಾತ್ರಿ ಹನ್ನೊಂದಕ್ಕೆ ವೇದಿಕೆಯ ದೀಪ ಆರಿದ ಮೇಲೆ ಛತ್ರದಲ್ಲಿ ಎಚ್ಚರ ಇರುವವರು ಇಬ್ಬರೇ: ಹಿಂದೆ ಅಡುಗೆಮನೆಯಲ್ಲಿ ಬೆಳಗಿನ ತಿಂಡಿಗೆ ತರಕಾರಿ ಹೆಚ್ಚುವವರು, ಮೇಲಿನ ರೂಮಿನಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡ್ ಖಾಲಿ ಮಾಡುವ ನಮ್ಮಂಥ ಫೋಟೋದವರು.

ಎರಡು ಫೋಟೋ ಕ್ಯಾಮೆರಾ, ಒಂದು ವಿಡಿಯೊ. ಆರತಕ್ಷತೆ ಒಂದಕ್ಕೇ ಎಲ್ಲ ಸೇರಿ ಸುಮಾರು 150 ಜಿಬಿ ಆಗುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬೇಕು, ಅಲ್ಲಿಂದ ಹೊರಗಿನ ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಹಾಕಬೇಕು, ಆಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಿ ಬೆಳಗಿನ ಕೆಲಸಕ್ಕೆ ಸಿದ್ಧ ಇಡಬೇಕು. ಕೆಲವು ವರ್ಷ ಹಿಂದೆ ನನಗೆ ಇಷ್ಟೂ ಮುಗಿಯುವಾಗ ರಾತ್ರಿ ಎರಡು ದಾಟುತ್ತಿತ್ತು. ನಾಲ್ಕಕ್ಕೆ ಏಳಬೇಕು. ನಿದ್ದೆಗೆಟ್ಟ ಕಣ್ಣಲ್ಲಿ ಧಾರೆಯ ಹೊತ್ತಿಗೆ ಫೋಕಸ್ ತಪ್ಪುತ್ತಿತ್ತು. ತಾಳಿ ಕಟ್ಟುವುದು ಒಂದೇ ಸಲ. ಅದಕ್ಕೇ ಈ ಕಾಪಿಯ ವೇಗ ನನಗೆ ಬರೀ ಕಂಪ್ಯೂಟರಿನ ವಿಷಯ ಆಗಿರಲಿಲ್ಲ.

ಮೊದಲು ಮಾಡಿದ್ದೇ ತಪ್ಪು ಕೆಲಸ. ಕಾರ್ಡ್ ನಿಧಾನ ಅಂದುಕೊಂಡು ಹೊಸ ಕಾರ್ಡ್ ತಂದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಮೇಲೆ ದೊಡ್ಡದಾಗಿ ‘170 ಎಂಬಿ’ (ಸೆಕೆಂಡಿಗೆ ಇಷ್ಟು ಅಂತ ವೇಗದ ಲೆಕ್ಕ) ಅಂತ ಅಚ್ಚಾಗಿದ್ದ ನಾಲ್ಕು ಕಾರ್ಡ್ ಕೊಂಡೆ. ಮುಂದಿನ ಮದುವೆಯಲ್ಲಿ ಹಾಕಿ ನೋಡಿದರೆ ಒಂದು ನಿಮಿಷವೂ ಉಳಿಯಲಿಲ್ಲ. ಜೊತೆಗಿದ್ದ ಹುಡುಗ ಪರದೆಯನ್ನೇ ನೋಡುತ್ತ ಕೂತಿದ್ದವನು, “ಅಣ್ಣ, ಹಳೇ ಕಾರ್ಡ್ ಹಾಕಿದ್ರೂ ಮೂವತ್ನಾಲ್ಕು, ಹೊಸದು ಹಾಕಿದ್ರೂ ಮೂವತ್ನಾಲ್ಕೇ ತೋರಿಸ್ತಿದೆ ಕಣಣ್ಣ” ಅಂದ.

ಆ ಮಾತಿನಲ್ಲೇ ಉತ್ತರ ಇತ್ತು. ವಿಂಡೋಸ್‌ನಲ್ಲಿ ಕಾಪಿ ಹಾಕಿದಾಗ ಬರುವ ಸಣ್ಣ ಕಿಟಕಿಯಲ್ಲಿ ‘ಮೋರ್ ಡೀಟೇಲ್ಸ್’ ಒತ್ತಿದರೆ ಸೆಕೆಂಡಿಗೆ ಎಷ್ಟು ಎಂಬಿ ಕಾಪಿ ಆಗುತ್ತಿದೆ ಅಂತ ತೋರಿಸುವ ಹಸಿರು ಬಣ್ಣದ ಒಂದು ಗ್ರಾಫ್ ಬಿಚ್ಚಿಕೊಳ್ಳುತ್ತದಲ್ಲ, ಅದನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ವಯಸ್ಸಿನ ಕಾರ್ಡ್‌ಗಳು ಒಂದೇ ಅಂಕಿಗೆ ಬಂದು ನಿಂತರೆ ಆ ಅಂಕಿ ಕಾರ್ಡಿನದ್ದಲ್ಲ. ಗೆರೆ ಇಟ್ಟ ಹಾಗೆ ನೇರವಾಗಿ ಓಡುತ್ತಿದ್ದ ಆ ಗ್ರಾಫ್, ಯಾವುದೋ ಒಂದು ಕಡೆ ಬಾಗಿಲು ಇಷ್ಟೇ ಅಗಲ ಅಂತ ಹೇಳುತ್ತಿತ್ತು. ತೋಟದಲ್ಲಿ ಎರಡು ಇಂಚಿನ ನೀರು ಬೀಳುವ ಬೋರ್‌ವೆಲ್ಲಿಗೆ ಅರ್ಧ ಇಂಚಿನ ಪೈಪು ಜೋಡಿಸಿ, ಮೋಟಾರು ಬದಲಾಯಿಸಿದರೆ ಏನು ಬಂತು?

ಅರ್ಧ ಇಂಚಿನ ಪೈಪು ಅಂದರೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸುವ ನನ್ನ ಕಾರ್ಡ್ ರೀಡರ್. ಹಳೆಯದು, ಯುಎಸ್‌ಬಿ 2.0. ಅದರ ಲೆಕ್ಕ ಸೆಕೆಂಡಿಗೆ 480 ಮೆಗಾಬಿಟ್. ಬಿಟ್ಟನ್ನು ಬೈಟಿಗೆ ತರಲು ಎಂಟರಿಂದ ಭಾಗಿಸಿದರೆ 60 ಎಂಬಿ ಆಗಬೇಕು, ಆದರೆ ನಿಜವಾಗಿ ಕೈಗೆ ಸಿಗುವುದು 30ರಿಂದ 40ರೊಳಗೆ. ಅದರಲ್ಲಿ ಎಂಥ ಕಾರ್ಡ್ ಸಿಕ್ಕಿಸಿದರೂ ಅಷ್ಟೇ. ಯುಎಸ್‌ಬಿ 3.0 ರೀಡರ್ ಒಂದನ್ನು ಸಾವಿರ ರೂಪಾಯಿಯೊಳಗೆ ತಂದೆ. ಅದೇ ಕಾರ್ಡ್, ಅದೇ ಲ್ಯಾಪ್‌ಟಾಪ್, 88ಕ್ಕೆ ಏರಿತು. ಒಂದೂ ಕಾಲು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು. ಕಾರ್ಡ್‌ಗಳಿಗೆ ಸುರಿದ ದುಡ್ಡಿನ ಒಂದು ಚೂರಿನಲ್ಲಿ ಆಗುವ ಕೆಲಸ ಇದು. ಈಗಲೂ ಯಾರಾದರೂ ಕೇಳಿದರೆ ಮೊದಲು ರೀಡರ್ ತೋರಿಸಿ ಅನ್ನುತ್ತೇನೆ.

ಮುಂದಿನ ಮದುವೆಯಲ್ಲಿ ಮತ್ತೆ 34. ಹೊಸ ರೀಡರ್ ಕೆಟ್ಟಿತು ಅಂದುಕೊಂಡೆ. ನೋಡಿದರೆ ರೀಡರ್ ಎಡಗಡೆಯ ಪೋರ್ಟಿನಲ್ಲಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಪೋರ್ಟ್. ಬಲಗಡೆಯದು ಒಂದೇ 3.0, ಉಳಿದೆರಡು 2.0. ಆ ಒಂದೇ ಒಂದು ವೇಗದ ಪೋರ್ಟಿನಲ್ಲಿ ವರ್ಷಗಟ್ಟಲೆ ಮೌಸ್ ಕೂತಿತ್ತು! ಟಾರ್ಚ್ ಹಾಕಿ ಒಳಗೆ ನೋಡಿ. ಮಧ್ಯದ ಪ್ಲಾಸ್ಟಿಕ್ ನಾಲಿಗೆ ನೀಲಿ ಇದ್ದರೆ ಸಾಮಾನ್ಯವಾಗಿ 3.0, ಕಪ್ಪಿದ್ದರೆ 2.0. ಎಲ್ಲ ಕಂಪನಿಗಳೂ ಬಣ್ಣ ಪಾಲಿಸುವುದಿಲ್ಲ, ಹಾಗಾಗಿ ಪಕ್ಕದಲ್ಲಿ ‘ಎಸ್‌ಎಸ್’ (ಸೂಪರ್‌ಸ್ಪೀಡ್) ಗುರುತು ಇದೆಯಾ ನೋಡಬೇಕು. 2.0ಗೆ ನಾಲ್ಕು ಪಿನ್, 3.0ಗೆ ಒಳಗಡೆ ಇನ್ನೂ ಐದು ಸೇರಿ ಒಂಬತ್ತು. ಮುಂದಿನ ನಾಲ್ಕು ಮೊದಲು ತಾಗುತ್ತವೆ. ಅಳುಕುತ್ತ ಮೆಲ್ಲಗೆ ತೂರಿಸಿದರೆ ಕಂಪ್ಯೂಟರ್ ಕೆಲವೊಮ್ಮೆ ಆ ನಾಲ್ಕನ್ನೇ ಕಂಡು 2.0 ಅಂತ ತೀರ್ಮಾನ ಮಾಡಿಬಿಡುತ್ತದೆ. ನನಗೆ ಹೀಗೆ ಎರಡು ಮೂರು ಸಲ ಆಗಿದೆ. ತೆಗೆದು ಒಂದೇ ಸಲಕ್ಕೆ ಗಟ್ಟಿಯಾಗಿ ಒತ್ತಿದರೆ ಸರಿಹೋಗುತ್ತದೆ. ಟೈಪ್-ಸಿ ರೀಡರ್ ಇರುವವರು ಕೇಬಲ್ ಕಡೆಯೂ ಗಮನ ಕೊಡಿ. ಫೋನ್ ಚಾರ್ಜರ್ ಜೊತೆ ಬರುವ ಎಷ್ಟೋ ಟೈಪ್-ಸಿ ಕೇಬಲ್‌ಗಳ ಒಳಗೆ 2.0ರ ತಂತಿ ಮಾತ್ರ ಇರುತ್ತದೆ. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಸರಿ, 88 ಬಂತು. ಕಾರ್ಡಿನ ಮೇಲೆ ಬರೆದ 170 ಎಲ್ಲಿ ಹೋಯಿತು? ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು. ಕಾರ್ಡಿನ ಮೇಲೆ ರೋಮನ್ ಅಂಕಿಯಲ್ಲಿ ಒಂದು ಅಥವಾ ಎರಡು ಅಂತ ಚಿಕ್ಕದಾಗಿ ಇರುತ್ತದೆ. ಅದು ಕಾರ್ಡ್ ಯಾವ ವೇಗದ ಪದ್ಧತಿಯದ್ದು ಅನ್ನುವ ಗುರುತು. ಒಂದು ಅಂದರೆ ಯುಎಚ್‌ಎಸ್-1, ಎರಡು ಅಂದರೆ ಯುಎಚ್‌ಎಸ್-2. ಯುಎಚ್‌ಎಸ್-1ರ ಮೇಲ್ಮಿತಿಯೇ ಸೆಕೆಂಡಿಗೆ 104 ಎಂಬಿ. ಅದಕ್ಕಿಂತ ಹೆಚ್ಚು ಬರೆದಿರುವ ಯುಎಚ್‌ಎಸ್-1 ಕಾರ್ಡ್‌ಗಳು ಆ ವೇಗ ಮುಟ್ಟುವುದು ಅದಕ್ಕೆ ಹೊಂದುವ ವಿಶೇಷ ರೀಡರ್‌ನಲ್ಲಿ, ಹೆಚ್ಚಾಗಿ ಅದೇ ಕಂಪನಿಯದ್ದರಲ್ಲಿ ಮಾತ್ರ. ಬೇರೆ ರೀಡರ್‌ಗೆ ಹಾಕಿದರೆ 85, 90ಕ್ಕೆ ನಿಲ್ಲುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯುಎಚ್‌ಎಸ್-2 ಕಾರ್ಡನ್ನು ತಿರುಗಿಸಿ ಹಿಂಭಾಗ ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳು ಒಂದು ಸಾಲಲ್ಲ, ಎರಡು ಸಾಲು ಇರುತ್ತವೆ. ಎರಡನೇ ಸಾಲಿನಿಂದಲೇ ಅದಕ್ಕೆ 312ರವರೆಗೆ ಹೋಗುವ ಶಕ್ತಿ. ಆದರೆ ಆ ಎರಡನೇ ಸಾಲನ್ನು ಮುಟ್ಟುವ ಪಿನ್ ರೀಡರ್‌ನಲ್ಲೂ ಇರಬೇಕು. ಇಲ್ಲದಿದ್ದರೆ ಅದು ದುಬಾರಿ ಯುಎಚ್‌ಎಸ್-1 ಕಾರ್ಡಾಗಿ ಕೆಲಸ ಮಾಡುತ್ತದೆ, ಅಷ್ಟೇ. ಕ್ಯಾಮೆರಾದ ಕಥೆಯೂ ಹಾಗೇ. ನನ್ನ ಸೋನಿ ಎ7 ಮಾರ್ಕ್ 3ರಲ್ಲಿ ಒಂದನೇ ಸ್ಲಾಟ್ ಯುಎಚ್‌ಎಸ್-2, ಎರಡನೆಯದು ಯುಎಚ್‌ಎಸ್-1. ಯಾವುದನ್ನು ಎಲ್ಲಿ ಹಾಕಬೇಕು ಅಂತ ತಿಳಿದಮೇಲೆ ಪ್ರತಿ ಫೋಟೋ ಕ್ಯಾಮೆರಾಕ್ಕೂ ಒಂದೊಂದು ಯುಎಚ್‌ಎಸ್-2 ಕಾರ್ಡ್, ಜೊತೆಗೆ ಅದಕ್ಕೆ ತಕ್ಕ ರೀಡರ್ ತಂದೆ.

ಆ ದಿನ ಗ್ರಾಫ್ 240ಕ್ಕೆ ಹಾರಿದ್ದು ನೋಡಿ ಆದ ಸಂತೋಷ ಈಗಲೂ ನೆನಪಿದೆ. ಆದರೆ ಒಂದಿಷ್ಟು ಜಿಬಿ ಆದಮೇಲೆ ಗ್ರಾಫ್ ಕಡಿದ ಹಾಗೆ ಬಿದ್ದು 90ರ ಸುತ್ತ ತೂಗಾಡತೊಡಗಿತು. ಮೊದಲಿನ ಹಾಗೆ ನೇರ ಗೆರೆ ಅಲ್ಲ, ಏರಿ ಇಳಿಯುವ ಗೆರೆ. ಇದರ ಅರ್ಥವೇ ಬೇರೆ. ಮೊದಲ ಸ್ವಲ್ಪ ಹೊತ್ತು ಫೋಟೋಗಳು ಲ್ಯಾಪ್‌ಟಾಪಿನ ರ್‍ಯಾಮ್‌ಗೆ ಹೋಗಿ ಕೂರುತ್ತಿದ್ದವು, ಅಲ್ಲಿ ಜಾಗ ತುಂಬಿದ ಮೇಲೆ ಹಾರ್ಡ್ ಡಿಸ್ಕ್ ಎಷ್ಟು ನುಂಗುತ್ತದೋ ಅಷ್ಟೇ. ನಿಮಿಷಕ್ಕೆ 5400 ಸುತ್ತು ತಿರುಗುವ ಲ್ಯಾಪ್‌ಟಾಪ್ ಡಿಸ್ಕ್, ಅದೂ ಮುಕ್ಕಾಲು ತುಂಬಿದ್ದು. ಡಿಸ್ಕ್ ತುಂಬುತ್ತ ಬಂದ ಹಾಗೆ ಬರೆಯುವ ಜಾಗ ಒಳಸುತ್ತಿಗೆ ಸರಿಯುತ್ತದೆ. ಒಳಸುತ್ತು ಚಿಕ್ಕದು, ವೇಗವೂ ಕಡಿಮೆ.

ಆ ಹೊತ್ತಿನಲ್ಲಿ ಇನ್ನೊಂದು ತಪ್ಪನ್ನೂ ಮಾಡುತ್ತಿದ್ದೆ. ಬೇಗ ಆಗಲಿ ಅಂತ ಎರಡು ರೀಡರ್ ಸಿಕ್ಕಿಸಿ ಎರಡು ಕಾರ್ಡನ್ನೂ ಒಟ್ಟಿಗೆ ಕಾಪಿ ಹಾಕುತ್ತಿದ್ದೆ. ಹಾರ್ಡ್ ಡಿಸ್ಕಿನಲ್ಲಿ ಬರೆಯುವ ಮುಳ್ಳು ಒಂದು ಫೈಲಿನ ಜಾಗಕ್ಕೂ ಇನ್ನೊಂದರ ಜಾಗಕ್ಕೂ ಓಡಾಡುವುದರಲ್ಲೇ ಸೋತುಹೋಗುತ್ತದೆ. ಎರಡೂ ಸೇರಿ ಒಂದರಷ್ಟು ವೇಗವೂ ಬರುತ್ತಿರಲಿಲ್ಲ. ಹಾರ್ಡ್ ಡಿಸ್ಕಿಗೆ ಹಾಕುವವರು ಒಂದಾದಮೇಲೆ ಒಂದು ಹಾಕುವುದೇ ಬೇಗ.

ಲ್ಯಾಪ್‌ಟಾಪಿನ ಡಿಸ್ಕ್ ತೆಗೆಸಿ ಅದೇ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲೇ ಬರೆದಿಡುವ ಡಿಸ್ಕ್ ಹಾಕಿಸಿದೆ. ಹಳೇ ಡಿಸ್ಕಿನ ಜಾಗಕ್ಕೆ ಕೂರುವ ಇಂಥ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500ರ ಆಸುಪಾಸು ತಾಳುತ್ತದೆ, ಅದರಲ್ಲಿ ಓಡಾಡುವ ಮುಳ್ಳೇ ಇಲ್ಲ. ಈಗ ಎರಡು ಕಾರ್ಡ್ ಒಟ್ಟಿಗೆ ಹಾಕಬಹುದು. ಒಂದೇ 3.0 ಪೋರ್ಟ್ ಇದ್ದದ್ದಕ್ಕೆ, ಒಂದು ಪೋರ್ಟನ್ನು ಹಲವಾಗಿ ಹಂಚುವ, ಸ್ವಂತ ಅಡಾಪ್ಟರ್ ಇರುವ ಒಂದು 3.0 ಹಬ್ ಕೊಂಡೆ. ಒಂದು ಪೋರ್ಟಿನಿಂದ 400ರಷ್ಟು ಸಿಗುತ್ತದೆ. ಯುಎಚ್‌ಎಸ್-2 ಕಾರ್ಡಿನ 240, ವಿಡಿಯೊ ಕ್ಯಾಮೆರಾದ ಕಾರ್ಡಿನ 88, ಎರಡೂ ಕೂಡಿದರೆ 328. ಹಬ್ ಹಂಚಿಕೊಂಡರೂ ಕೊರತೆ ಬೀಳುವುದಿಲ್ಲ. ಮೂರನೇ ರೀಡರ್ ಸೇರಿಸಿದರೆ ಬೀಳುತ್ತದೆ, ಹಾಗಾಗಿ ಸೇರಿಸುವುದಿಲ್ಲ.

ಸಾಫ್ಟ್‌ವೇರ್ ವಿಷಯದಲ್ಲಿ ಹೇಳಬೇಕಾದ್ದು ಸ್ವಲ್ಪವೇ. ಮೊದಲು ಕಾರ್ಡಿನಿಂದ ನೇರವಾಗಿ ಲೈಟ್‌ರೂಮಿಗೆ (ಫೋಟೋ ಆರಿಸಿ ತಿದ್ದುವ ಸಾಫ್ಟ್‌ವೇರ್) ಇಂಪೋರ್ಟ್ ಮಾಡುತ್ತಿದ್ದೆ, ಪ್ರತಿ ಫೋಟೋಗೂ ಪೂರ್ತಿ ಅಳತೆಯ ಪ್ರಿವ್ಯೂ ಕಟ್ಟಲು ಹೇಳಿ. ಕಾಪಿಯನ್ನೂ ಅದೇ ಮಾಡಬೇಕು, ಪ್ರಿವ್ಯೂ ಕೆಲಸವನ್ನೂ ಅದೇ ಮಾಡಬೇಕು, ಎರಡೂ ಕುಂಟುತ್ತಿದ್ದವು. ಈಗ ಮೊದಲು ಬರೀ ಕಾಪಿ. ಕಾರ್ಡ್ ತೆಗೆದಿಟ್ಟ ಮೇಲೆ, ಸ್ಟುಡಿಯೊಗೆ ಬಂದು, ಫೋಲ್ಡರನ್ನು ಇದ್ದಲ್ಲೇ ಲೈಟ್‌ರೂಮಿಗೆ ಸೇರಿಸುತ್ತೇನೆ. ಪ್ರಿವ್ಯೂಗೆ, ಕ್ಯಾಮೆರಾ ತನ್ನ ರಾ ಫೈಲಿನೊಳಗೇ (ತಿದ್ದದ ಮೂಲ ಚಿತ್ರದ ಫೈಲು) ಅಡಗಿಸಿಟ್ಟಿರುವ ಸಣ್ಣ ಜೆಪೆಗ್ ಚಿತ್ರ ಬಳಸು ಅಂತ ಆಯ್ಕೆ ಕೊಟ್ಟರೆ ಆರಿಸುವ ಕೆಲಸ ತಕ್ಷಣ ಶುರು ಮಾಡಬಹುದು. ಕ್ಯಾಮೆರಾವನ್ನೇ ಕೇಬಲ್ ಹಾಕಿ ಜೋಡಿಸುವುದು, ವೈಫೈನಲ್ಲಿ ಕಳಿಸುವುದು ಮದುವೆ ಕೆಲಸಕ್ಕೆ ಆಗಿಬರುವುದಿಲ್ಲ. ಬ್ಯಾಟರಿ ತಿನ್ನುತ್ತದೆ, ಕ್ಯಾಮೆರಾ ಕೈಗೆ ಸಿಗುವುದಿಲ್ಲ.

ವೇಗ ಹುಡುಕುವ ಹುಚ್ಚಿನಲ್ಲಿ ಒಂದು ಸಲ ದೊಡ್ಡ ಏಟು ತಿಂದೆ. ಕಾಪಿ ಮಾಡಿ ಆಮೇಲೆ ಅಳಿಸುವ ಬದಲು ‘ಕಟ್’ ಮಾಡಿ ಪೇಸ್ಟ್ ಮಾಡಿದರೆ ಒಂದು ಹೆಜ್ಜೆ ಉಳಿಯುತ್ತದೆ ಅಂತ ಹಾಗೇ ಮಾಡುತ್ತಿದ್ದೆ. ಒಂದು ರಾತ್ರಿ ನಡುವೆ ಯಾರದೋ ಕಾಲಿಗೆ ತಂತಿ ಸಿಕ್ಕಿ ರೀಡರ್ ಕಿತ್ತುಬಂತು. ಲ್ಯಾಪ್‌ಟಾಪಿನಲ್ಲಿ ಕೊನೆಯ ಕೆಲವು ಫೈಲುಗಳು ತೆರೆಯುತ್ತಿಲ್ಲ, ಕಾರ್ಡಿನಲ್ಲಿ ಅವು ಇಲ್ಲ. ಮದುಮಗಳ ಅಜ್ಜ ವೇದಿಕೆಗೆ ಬಂದು, ಮೊಮ್ಮಗಳ ತಲೆ ಮುಟ್ಟಿ ಅಕ್ಷತೆ ಹಾಕಿದ ಚಿತ್ರಗಳು ಆ ಗುಂಪಿನಲ್ಲಿದ್ದವು. ಗಾಲಿ ಕುರ್ಚಿಯಲ್ಲಿ ಬಂದಿದ್ದವರು. ಮತ್ತೆ ಎಲ್ಲಿ ತೆಗೆಯುವುದು?

ಆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಲಿಲ್ಲ. ನನ್ನನ್ನು ಉಳಿಸಿದ್ದು ಅದೇ. ಫೈಲ್ ಅಳಿಸಿದಾಗ ಕಾರ್ಡಿನಲ್ಲಿ ಹೋಗುವುದು ಅದರ ಹೆಸರು, ವಿಳಾಸ ಮಾತ್ರ. ಅದರ ಮೇಲೆ ಹೊಸದು ಬರೆಯುವವರೆಗೆ ಚಿತ್ರ ಅಲ್ಲೇ ಇರುತ್ತದೆ. ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಹುಡುಕಿದೆ. ಹೆಸರು ಕಳೆದುಕೊಂಡು, ಬರೀ ನಂಬರ್ ಹೊತ್ತು, ಚಿತ್ರಗಳು ಒಂದೊಂದಾಗಿ ಮೇಲೆ ಬಂದವು. ಅಜ್ಜನ ಚಿತ್ರಗಳು ಸಿಕ್ಕಾಗ ಕೈ ನಡುಗುತ್ತಿತ್ತು.

ಅಂದಿನಿಂದ ‘ಕಟ್’ ಮುಟ್ಟಿಲ್ಲ. ಟೆರಾಕಾಪಿ ಅನ್ನುವ ಕಾಪಿ ಮಾಡುವ ಸಾಫ್ಟ್‌ವೇರಿನಲ್ಲಿ ಪರಿಶೀಲನೆಯ ಆಯ್ಕೆ ಹಾಕಿಯೇ ಕಾಪಿ ಮಾಡುತ್ತೇನೆ. ಅದು ಕಾರ್ಡಿನಲ್ಲಿದ್ದದ್ದೂ ಡಿಸ್ಕಿಗೆ ಬಂದದ್ದೂ ಒಂದೇನಾ ಅಂತ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ. ಹಿಡಿಯಲಿ. ಬೇರೆಲ್ಲ ಕಡೆ ಉಳಿಸಿದ ಸಮಯವನ್ನು ನಾನು ಖರ್ಚು ಮಾಡುವುದು ಇಲ್ಲೇ. ಎರಡು ಪ್ರತಿ ಆದಮೇಲಷ್ಟೇ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ.

ಇಷ್ಟೆಲ್ಲ ಸಾಮಾನು ಬದಲಾಯಿಸಿದ ಮೇಲೂ ಹೆಚ್ಚು ನಿದ್ದೆ ಕೊಟ್ಟದ್ದು ದುಡ್ಡಿಲ್ಲದ ಒಂದು ಬದಲಾವಣೆ. ಮೊದಲು ಆರತಕ್ಷತೆ ಪೂರ್ತಿ ಮುಗಿದ ಮೇಲೆ ಕಾಪಿ ಶುರು ಮಾಡುತ್ತಿದ್ದೆ. ಈಗ ಎರಡನೇ ಪಂಕ್ತಿ ಊಟಕ್ಕೆ ಕೂರುವ ಹೊತ್ತಿಗೆ, ವೇದಿಕೆಯ ಸಾಲು ಸ್ವಲ್ಪ ಕರಗಿದಾಗ, ಮೂರೂ ಕ್ಯಾಮೆರಾದ ಕಾರ್ಡ್ ಬದಲಾಯಿಸುತ್ತೇವೆ. ಹುಡುಗ ಮೇಲೆ ಹೋಗಿ ಆ ಕಾರ್ಡ್‌ಗಳನ್ನು ಹಾಕಿ, ರೂಮಿಗೆ ಬೀಗ ಜಡಿದು ಬರುತ್ತಾನೆ. ಖಾಲಿ ಕಾರ್ಡ್ ಎಡಜೇಬಿನ ಕಪ್ಪು ಡಬ್ಬಿಯಲ್ಲಿ, ತುಂಬಿದ್ದು ಬಲಜೇಬಿನ ಕೆಂಪು ಡಬ್ಬಿಯಲ್ಲಿ, ಮುಖ ಕೆಳಗೆ ಮಾಡಿ. ಕತ್ತಲಲ್ಲೂ ಅದಲು ಬದಲು ಆಗುವುದಿಲ್ಲ. ದೀಪ ಆರುವ ಹೊತ್ತಿಗೆ ಮುಕ್ಕಾಲು ಪಾಲು ಲ್ಯಾಪ್‌ಟಾಪಿನಲ್ಲಿರುತ್ತದೆ. ಉಳಿದದ್ದಕ್ಕೆ ಹತ್ತು ನಿಮಿಷವೂ ಬೇಡ.

ಹೋದ ತಿಂಗಳು ತಿಪಟೂರಿನ ಒಂದು ಮದುವೆಯಲ್ಲಿ ಹನ್ನೊಂದೂವರೆಗೆ ಮಲಗಿದೆವು. ಈಗ ಹಿಂದೆ ಬಿದ್ದಿರುವುದು ಎರಡನೇ ಪ್ರತಿ ಹೋಗುವ ಹೊರಗಿನ ಹಾರ್ಡ್ ಡಿಸ್ಕ್. ಅದನ್ನು ಹಾಕಿಟ್ಟು ನಾವು ಮಲಗುತ್ತೇವೆ, ಅದು ತನ್ನಷ್ಟಕ್ಕೆ 100ರ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ನಾಲ್ಕಕ್ಕೆ ಎದ್ದು ಮೊದಲು ನೋಡುವುದು ಟೆರಾಕಾಪಿಯ ಪಟ್ಟಿಯಲ್ಲಿ ತಪ್ಪು ತೋರಿಸುವ ಕೆಂಪು ಗುರುತು ಎಲ್ಲಾದರೂ ಇದೆಯಾ ಅಂತ. ಇಲ್ಲ ಅಂದರೆ ಕಾರ್ಡ್‌ಗಳು ಕ್ಯಾಮೆರಾಕ್ಕೆ ಹೋಗುತ್ತವೆ, ಫಾರ್ಮ್ಯಾಟ್ ಆಗುತ್ತವೆ, ಅಷ್ಟರಲ್ಲಿ ಕೆಳಗೆ ಓಲಗ ಶುರುವಾಗಿರುತ್ತದೆ.